ನೋವೆಷ್ಟು ಅಂತ ಕೇಳ್ತಾರೆ, ಏನಾಗಬೇಕು ಅಂತ ಕೇಳಲ್ಲ

ನಮಸ್ಕಾರ. ಇವತ್ತಿನ ಮಾತು ಗಂಟು ನೋವಿನ ಬಗ್ಗೆ. ಯಾವ ಔಷಧಿ ಒಳ್ಳೆಯದು, ಯಾವ ಎಣ್ಣೆ ಹಚ್ಚಬೇಕು ಅಂತ ಹೇಳೋಕೆ ನಾನು ಡಾಕ್ಟರ್ ಅಲ್ಲ. ಮನೆಯ ಹಿರಿಯರನ್ನು ತೀರ್ಥಹಳ್ಳಿ ಕಡೆಯಿಂದ ಬಸ್ಸಲ್ಲಿ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ, ಚೀಟಿ ಮಾಡಿಸಿ, ಬೆಂಚಿನ ಮೇಲೆ ಜೊತೆಗೆ ಕಾದು ಕೂತು ನೋಡಿದ್ದೇನೆ, ಅಷ್ಟೇ. ಅಲ್ಲಿ ಊತ ನೋಡುತ್ತಾರೆ. ಮೈಯಲ್ಲಿ ಉರಿಯೂತ ಎಷ್ಟಿದೆ ಅಂತ ತಿಳಿಯೋಕೆ ಇಎಸ್‌ಆರ್ ಅನ್ನೋ ರಕ್ತಪರೀಕ್ಷೆ ಮಾಡುತ್ತಾರೆ. ನೋವಿಗೆ ಒಂದು ಅಂಕ ಹಾಕುತ್ತಾರೆ. ಆದರೆ "ಈ ಚಿಕಿತ್ಸೆಯಿಂದ ನಿಮಗೆ ಏನಾಗಬೇಕು?" ಅಂತ ಕೇಳಿ, ಅದನ್ನು ಬರೆದಿಟ್ಟುಕೊಂಡಿದ್ದನ್ನು ನಾನು ಕಂಡಿಲ್ಲ.

ಬರೆದಿಟ್ಟುಕೊಳ್ಳಲೇಬೇಕು ಅನ್ನೋದು ನನ್ನ ವಾದ. ಅದೂ ಮೊದಲ ಮಾತ್ರೆ ಕೊಡುವ ಮುಂಚೆ, ಆಪರೇಷನ್‌ಗೆ ದಿನ ಗೊತ್ತು ಮಾಡುವ ಮುಂಚೆ.

ನಮ್ಮ ದೊಡ್ಡಮ್ಮನಿಗೆ ರುಮಟಾಯ್ಡ್ ಸಂಧಿವಾತ, ಅಂದರೆ ದೇಹದ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ ತಿರುಗಿಬೀಳುವ ಕಾಯಿಲೆ. "ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟಮ್ಮಾ?" ಅಂತ ಕೇಳಿದಾಗ ಅವರು ನನ್ನ ಮುಖ ನೋಡಿದರು. ಆಮೇಲೆ "ಐದು ಅಂತ ಹಾಕ್ಕೊಳಿ" ಅಂದರು. ಐದು ಅಂತ ಬಿತ್ತು. ವಾಪಸ್ ಬರುವಾಗ ಬಸ್ಸಲ್ಲಿ ಹೇಳಿದ್ದು ಬೇರೆ: "ನೋವು ಪೂರ್ತಿ ಹೋಗದಿದ್ರೂ ಅಡ್ಡಿಲ್ಲ ಮಾರಾಯ, ಈ ಸಲ ಮೆಟ್ಟುಗತ್ತಿ ಮುಂದೆ ಕೂರೋ ಹಂಗಾದ್ರೆ ಸಾಕು."

ಮಲೆನಾಡಿನ ಆಚೆಯವರಿಗೆ ಹೇಳ್ತೀನಿ. ಕೊನೆಕೊಯ್ಲು, ಅಂದರೆ ಅಡಿಕೆ ಗೊನೆಯ ಕೊಯ್ಲು, ಶುರುವಾದರೆ ಕಾಯಿ ಸುಲಿಯೋಕೆ ಮೆಟ್ಟುಗತ್ತಿ ಮುಂದೆ ಸಾಲಾಗಿ ಕೂರುತ್ತಾರೆ. ರಾತ್ರಿ ಊಟ ಮುಗಿಸಿ ಬಂದು ಮತ್ತೆ ಕೂರುವವರೂ ಇದ್ದಾರೆ. ನೆಟ್ಟಗೆ ನಿಂತ ಕತ್ತಿಗೆ ಹಸಿ ಕಾಯಿ ಒತ್ತಿ ಸಿಪ್ಪೆ ಬಿಡಿಸಬೇಕು. ಹೆಬ್ಬೆರಳಿಗೆ ಬಲ ಬೇಕು, ಮಣಿಕಟ್ಟು ತಿರುಗಬೇಕು, ಕಾಲು ಮಡಚಿ ಗಂಟೆಗಟ್ಟಲೆ ಕೂರಬೇಕು. ಈಗ ಮೆಷಿನ್ ಬಂದಿದೆ, ನಿಜ. ಆದರೆ ಆ ಸಾಲಲ್ಲಿ ಕೂಲಿ ಇದೆ, ಮಾತಿದೆ, ನಗುವಿದೆ. ದೊಡ್ಡಮ್ಮನಿಗೆ ಬೇಕಾಗಿದ್ದು ಅಲ್ಲೊಂದು ಜಾಗ. "ಐದು" ಅನ್ನೋ ಅಂಕದಲ್ಲಿ ಅದೆಲ್ಲಿದೆ?

ಅಳೆಯುವ ಸಾಧನಗಳೇ ಇಲ್ಲ ಅಂತಲ್ಲ. ಮಂಡಿ ಮತ್ತು ಸೊಂಟದ ಕೀಲು ಸವೆದವರಿಗೆ ವೊಮ್ಯಾಕ್ ಅನ್ನೋ ಪ್ರಶ್ನಾವಳಿ ಇದೆ. ಕೆನಡಾದಲ್ಲಿ 1980ರ ದಶಕದಲ್ಲಿ ಮಾಡಿದ್ದು. ಒಟ್ಟು 24 ಪ್ರಶ್ನೆ. ನೋವಿಗೆ 5, ಬಿಗಿತಕ್ಕೆ 2, ದಿನನಿತ್ಯದ ಕೆಲಸಕ್ಕೆ 17. ಒಳ್ಳೆಯ ಸಾಧನವೇ. ಆದರೆ ಆ 17ರಲ್ಲಿ ಕಾರು ಹತ್ತಿ ಇಳಿಯೋದಿದೆ, ಕಾಲುಚೀಲ ಹಾಕೋದಿದೆ, ಸ್ನಾನದ ತೊಟ್ಟಿಗೆ ಇಳಿದು ಹತ್ತೋದಿದೆ. ಬೇಲಿಯ ದಣಪೆ ದಾಟೋದಿಲ್ಲ. ಮಳೆಗಾಲದಲ್ಲಿ ಜಾರುವ ಕಾಲುಸಂಕದ ಮೇಲೆ ಹೆಜ್ಜೆ ಇಡೋದಿಲ್ಲ. ಕೊಟ್ಟಿಗೆಯಲ್ಲಿ ಕುಕ್ಕರಗಾಲಲ್ಲಿ ಕೂತು ಹಾಲು ಕರೆಯೋದಿಲ್ಲ. ರುಮಟಾಯ್ಡ್‌ಗೆ ಅಮೆರಿಕದಲ್ಲಿ 1980ರಲ್ಲಿ ಬಂದ ಹೆಚ್‌ಎಕ್ಯೂ ಪ್ರಶ್ನಾವಳಿಯಲ್ಲಿ ಹಾಲಿನ ಪೊಟ್ಟಣ ಬಿಚ್ಚೋಕಾಗುತ್ತಾ ಅಂತ ಕೇಳುತ್ತಾರೆ. ನಮ್ಮ ದೇಶದ ವೈದ್ಯರು ಇದನ್ನು ಗಮನಿಸಿ, ನೆಲದ ಮೇಲೆ ಕೂರೋದನ್ನೆಲ್ಲ ಸೇರಿಸಿ ಭಾರತದ ರೂಪವನ್ನೂ ಮಾಡಿದ್ದಾರೆ. ಅದು 2002ರಲ್ಲಿ ಪ್ರಕಟವಾಯಿತು. ಸಂತೋಷ. ಆದರೆ ಇವೆಲ್ಲ ಇವತ್ತು ಏನು ಆಗ್ತಾ ಇಲ್ಲ ಅನ್ನೋದನ್ನು ಅಳೆಯುತ್ತವೆ. ನಾಳೆ ಏನು ಆಗಬೇಕು ಅನ್ನೋದನ್ನಲ್ಲ.

ಇದರಿಂದ ಏನು ವ್ಯತ್ಯಾಸ ಅಂತೀರಾ? ಮಂಡಿ ಬದಲಿ ಆಪರೇಷನ್ ತೆಗೆದುಕೊಳ್ಳಿ. ಕೆನಡಾದ ಒಂಟಾರಿಯೋದಲ್ಲಿ ಆಪರೇಷನ್ ಆದ 1,700ಕ್ಕೂ ಹೆಚ್ಚು ಜನರನ್ನು ಕೇಳಿ 2010ರಲ್ಲಿ ಒಂದು ಅಧ್ಯಯನ ಬಂತು. ಐದರಲ್ಲಿ ಒಬ್ಬರಿಗೆ ಸಮಾಧಾನ ಇರಲಿಲ್ಲ. ಅದಕ್ಕೆ ಕಂಡ ಅತಿ ದೊಡ್ಡ ಕಾರಣ, ಅಂದುಕೊಂಡಿದ್ದು ಆಗದೇ ಹೋಗಿದ್ದು. ನಮ್ಮ ಕಡೆ ಇದು ಇನ್ನೂ ಸೂಕ್ಷ್ಮ. ಮಂಡಿ ಬದಲಿಸಿದ ಮೇಲೆ ನೆಲದ ಮೇಲೆ ಕೂರಬೇಡಿ, ಕುಕ್ಕರಗಾಲಲ್ಲಿ ಕೂರಬೇಡಿ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ನೋವು ಹೋಗುತ್ತೆ, ನಡೆಯೋಕಾಗುತ್ತೆ, ಆದರೆ ಚಾಪೆ ಮೇಲೆ ಕೂರೋದು ಕಷ್ಟವೇ. ಕೂರೋದಕ್ಕಾಗಿಯೇ ಆಪರೇಷನ್ ಮಾಡಿಸಿಕೊಂಡವರಿಗೆ ಇದು ಆಮೇಲೆ ಗೊತ್ತಾದರೆ ಹೇಗಾಗಬೇಡ? ಮೊದಲೇ ಕೇಳಿದ್ದರೆ ಮೊದಲೇ ಹೇಳಬಹುದಿತ್ತು.

ರುಮಟಾಯ್ಡ್‌ನಲ್ಲಿ ಇದು ಔಷಧಿ ಬಿಡುವ ಪ್ರಶ್ನೆ. ಈ ಕಾಯಿಲೆಗೆ ಸಾಮಾನ್ಯವಾಗಿ ಕೊಡುವ ಮೆಥೋಟ್ರೆಕ್ಸೇಟ್ ಮಾತ್ರೆ ವಾರಕ್ಕೆ ಒಂದು ದಿನ ಮಾತ್ರ ತೆಗೆದುಕೊಳ್ಳುವಂಥದ್ದು. ತಪ್ಪಿ ದಿನಾ ತೆಗೆದುಕೊಂಡರೆ ಜೀವಕ್ಕೇ ಅಪಾಯ, ಇದನ್ನು ದಯವಿಟ್ಟು ನೆನಪಿಡಿ. ಅದರ ಗುಣ ಕಾಣೋಕೆ 6ರಿಂದ 12 ವಾರ ಬೇಕು. ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿಕೊಂಡು ಬೇಗ ಎದ್ದು ಓಡಾಡಿದವರು ಈ ಮಾತ್ರೆಯಿಂದಲೂ ಅಷ್ಟೇ ಬೇಗ ಗುಣ ಆಗುತ್ತೆ ಅಂತ ಕಾಯುತ್ತಾರೆ. ಎರಡು ವಾರ ನೋಡಿ, "ಇದು ಹಿಡಿಸ್ಲಿಲ್ಲ" ಅಂತ ಬಿಡುತ್ತಾರೆ. ಹಾಗಾಗಿ ಎರಡು ಪ್ರಶ್ನೆ ಕೇಳಬೇಕು. ನಿಮಗೆ ಏನಾಗಬೇಕು? ಎಷ್ಟು ದಿನದಲ್ಲಿ ಆಗುತ್ತೆ ಅಂದುಕೊಂಡಿದ್ದೀರಿ? ಎರಡನೆಯದಕ್ಕೆ ಉತ್ತರ ಸಿಕ್ಕಿದ ಕೂಡಲೇ ಅಲ್ಲೇ ತಿದ್ದಬಹುದು.

ನನಗೆ ಜಾಸ್ತಿ ಚಿಂತೆ ಇರೋದು ಮಾತ್ರ ಏನನ್ನೂ ಕೇಳದವರ ಬಗ್ಗೆ. "ವಯಸ್ಸಾಯ್ತಲ್ಲ, ಇನ್ನೇನು" ಅನ್ನುವವರು. ಅವರಿಗೆ ಸ್ವಲ್ಪ ಕಡಿಮೆಯಾದರೂ "ಸಮಾಧಾನ ಉಂಟು" ಅಂತಾರೆ. ಕಡತದಲ್ಲಿ ಅದು ಒಳ್ಳೆಯ ಫಲಿತಾಂಶ. ನಿಜಕ್ಕೂ ಅದು ಕೈಬಿಟ್ಟ ಆಸೆ. ಸಮಾಧಾನ ಇದೆಯಾ ಅಂತ ಕೊನೆಗೆ ಕೇಳೋದರಿಂದ ಇದು ಸಿಕ್ಕೋದೇ ಇಲ್ಲ. ಶುರುವಿನಲ್ಲಿ ಆಸೆ ಎಷ್ಟಿತ್ತು ಅಂತ ಗೊತ್ತಿದ್ದರೆ ಮಾತ್ರ ಸಿಗುತ್ತೆ. ಮಲೆನಾಡಿನ ಹೆಂಗಸರಲ್ಲಿ ಇದು ತುಂಬಾ. ಪಕ್ಕದಲ್ಲಿ ಮಗ ನಿಂತು "ಅಮ್ಮ ಸುಮ್ನೆ ಕೂತಿರ್ಲಿ ಸಾಕು, ಕೆಲಸ ಗಿಲಸ ಏನೂ ಬೇಡ" ಅಂದುಬಿಡುತ್ತಾನೆ. ಪ್ರೀತಿಯಿಂದಲೇ ಹೇಳುತ್ತಾನೆ. ಅಮ್ಮನಿಗೆ ಕೊಟ್ಟಿಗೆಗೆ ಹೋಗಬೇಕು. ಚೀಟಿಯಲ್ಲಿ ಮಗನ ನಿರೀಕ್ಷೆ ಬೀಳುತ್ತೆ.

ರೋಗಿಯನ್ನು ಕೇಳಿದರೆ ವಿಜ್ಞಾನವೇ ಬದಲಾಗುತ್ತೆ, ಇದಕ್ಕೆ ಸಾಕ್ಷಿ ಇದೆ. ಸಂಧಿವಾತದ ಚಿಕಿತ್ಸೆಯಲ್ಲಿ ಏನನ್ನು ಅಳೆಯಬೇಕು ಅಂತ ತೀರ್ಮಾನಿಸುವ ಒಮೆರಾಕ್ಟ್ ಅನ್ನೋ ಅಂತರರಾಷ್ಟ್ರೀಯ ಗುಂಪು 2002ರಲ್ಲಿ ರೋಗಿಗಳನ್ನೂ ಕರೆದು ಕೂರಿಸಿತು. ಅವರು ಹೇಳಿದ್ದು ಸುಸ್ತಿನ ಬಗ್ಗೆ. ಅದು ಅಲ್ಲಿಯವರೆಗೆ ಮುಖ್ಯ ಪಟ್ಟಿಯಲ್ಲೇ ಇರಲಿಲ್ಲ. ಮುಂದೆ ರುಮಟಾಯ್ಡ್ ಸಂಶೋಧನೆಗಳಲ್ಲಿ ಸುಸ್ತನ್ನೂ ಅಳೆಯಬೇಕು ಅಂತ ಒಪ್ಪಿಗೆಯಾಯಿತು. ಇನ್ನೊಂದು ಉದಾಹರಣೆ ನೋಡಿ. ರುಮಟಾಯ್ಡ್ ಎಷ್ಟಿದೆ ಅಂತ ನೋಡೋಕೆ 28 ಕೀಲು ಎಣಿಸುವ ಲೆಕ್ಕ ಎಲ್ಲ ಕಡೆ ಬಳಕೆಯಲ್ಲಿದೆ. ಅದರಲ್ಲಿ ಕೈ, ಮೊಣಕೈ, ಭುಜ, ಮಂಡಿ ಇವೆ. ಪಾದ ಮತ್ತು ಕಣಕಾಲಿನ ಕೀಲು ಇಲ್ಲ! ಧರೆಯ ದಿಬ್ಬ ಹತ್ತಿ ಇಳಿದು ತೋಟದ ಕೆಸರಲ್ಲಿ ಬರಿಗಾಲಲ್ಲಿ ನಡೆಯುವವರಿಗೆ ಪಾದವೇ ಮುಖ್ಯ ಅಲ್ವಾ? ಕೇಳಿದರೆ ಮೊದಲು ಹೇಳೋದೇ ಅದನ್ನು.

ಸಾಗರ ತಾಲ್ಲೂಕಿನ ಹಂದಿಗೋಡಿನ ಹೆಸರು ವೈದ್ಯಲೋಕದಲ್ಲಿ ಉಳಿದಿರೋದು ಒಂದು ಕೀಲು ಕಾಯಿಲೆಯಿಂದ. 1970ರ ದಶಕದಲ್ಲಿ ಗಮನಕ್ಕೆ ಬಂದ ಈ ಕಾಯಿಲೆ ಹೆಚ್ಚಾಗಿ ಕಾಡಿದ್ದು ಬಡ ದಲಿತ ಕುಟುಂಬಗಳನ್ನು. ಸೊಂಟದ ಕೀಲು, ಬೆನ್ನು, ಮಂಡಿ ಹಾಳಾಗುತ್ತವೆ. ಗದ್ದೆಯ ಏಡಿ ತಿಂದಿದ್ದಕ್ಕೆ ಅಂತ ಮೊದಲು ಅನುಮಾನ ಇತ್ತು, ಆಮೇಲೆ ವಂಶದಲ್ಲಿ ಬರೋದು ಅಂತ ಸಂಶೋಧಕರು ಕಂಡುಕೊಂಡರು. ಬೇರು ಸಮೇತ ತೆಗೆಯುವ ಔಷಧಿ ಇಲ್ಲದ ಇಂಥ ಕಾಯಿಲೆಯಲ್ಲಿ ಗುಣ ಅನ್ನೋ ಒಂದೇ ಅಳತೆ ಹಿಡಿದರೆ ಎಲ್ಲವೂ ಸೋಲೇ. ನಡೆಯೋಕೆ ಏನು ಬೇಕು, ಶೌಚಾಲಯ ಹೇಗಿರಬೇಕು, ಯಾವ ಕೆಲಸ ಕೈಗೆ ಹತ್ತುತ್ತೆ ಅಂತ ಒಬ್ಬೊಬ್ಬರನ್ನೂ ಕೇಳಿದರೆ ಮಾಡಬೇಕಾದ ಕೆಲಸ ಬೇಕಾದಷ್ಟು ಕಾಣುತ್ತೆ.

ಡಾಕ್ಟರಿಗೆ ಪುರುಸೊತ್ತು ಎಲ್ಲಿದೆ ಅಂತ ಕೇಳಬಹುದು. ಒಪಿಡಿ ಮುಂದಿನ ಸಾಲು ನೋಡಿದವರಿಗೆ ಆ ಮಾತು ಸುಳ್ಳು ಅನ್ನಿಸಲ್ಲ. ಆದರೆ ಇದನ್ನು ಡಾಕ್ಟರೇ ಕೇಳಬೇಕು ಅಂತಿಲ್ಲ. ಬೆಂಚಿನ ಮೇಲೆ ಕಾಯುವ ಹೊತ್ತಲ್ಲಿ ನರ್ಸ್ ಕೇಳಬಹುದು, ಫಿಸಿಯೋಥೆರಪಿಯವರು ಕೇಳಬಹುದು, ಊರಲ್ಲಿ ಆಶಾ ಕಾರ್ಯಕರ್ತೆ ಕೇಳಬಹುದು. ಇದಕ್ಕೆ ದಾರಿ ಹೊಸದೇನಲ್ಲ. 1987ರಲ್ಲೇ ಮ್ಯಾಕ್ಟಾರ್ ಅನ್ನೋ ವಿಧಾನ ಬಂದಿದೆ. ಅದರಲ್ಲಿ ಸಿದ್ಧ ಪಟ್ಟಿ ಇಲ್ಲ. ಯಾವ ಕೆಲಸ ಮತ್ತೆ ಮಾಡೋ ಹಾಗಾಗಬೇಕು ಅಂತ ರೋಗಿಯೇ ಹೇಳುತ್ತಾರೆ, ಯಾವುದು ಮೊದಲು ಅಂತಲೂ ಅವರೇ ಹೇಳುತ್ತಾರೆ. ಆಮೇಲೆ ಅದೇ ಕೆಲಸಗಳನ್ನು ಹಿಡಿದು ಸುಧಾರಿಸಿದೆಯಾ ಅಂತ ನೋಡುತ್ತಾರೆ. ನಮ್ಮಲ್ಲಿ ವರ್ಷಕ್ಕೆ ಎರಡು ಸಲವಾದರೂ ಕೇಳಬೇಕಾಗುತ್ತೆ. ನಾಟಿ ಹೊತ್ತಿನ ಬೇಡಿಕೆ ಬೇರೆ, ಕೊಯ್ಲಿನ ಹೊತ್ತಿನದು ಬೇರೆ.

ಆಸ್ಪತ್ರೆಗಳು ಇದನ್ನು ಶುರು ಮಾಡೋವರೆಗೆ ನೀವು ಕಾಯಬೇಡಿ. ಮುಂದಿನ ಸಲ ಹೋಗುವ ಮೊದಲು ಒಂದು ಹಾಳೆಯಲ್ಲಿ ನಿಮಗೆ ಆಗಲೇಬೇಕಾದ ಮೂರು ಕೆಲಸ ಬರೆಯಿರಿ. ಒಂದೊಂದರ ಮುಂದೆ ಈಗ ಎಷ್ಟು ಕಷ್ಟ ಅಂತ ಅಂಕ ಹಾಕಿ. ಡಾಕ್ಟರ್ ಮುಂದೆ ಇಟ್ಟು, "ಇದರಲ್ಲಿ ಯಾವುದು ಆಗುತ್ತೆ, ಯಾವುದು ಆಗಲ್ಲ, ಎಷ್ಟು ದಿನ ಬೇಕು?" ಅಂತ ಕೇಳಿ. ಜೊತೆಗೆ ಹೋಗುವವರು ನೀವಾದರೆ, ಹಾಳೆ ತುಂಬುವಾಗ ಅಮ್ಮನ ಮಾತಿಗೆ ನಡುವೆ ಬಾಯಿ ಹಾಕಬೇಡಿ. ಮೂರು ತಿಂಗಳು ಬಿಟ್ಟು ಅದೇ ಹಾಳೆಯನ್ನು ಮತ್ತೆ ತೆಗೆದುಕೊಂಡು ಹೋಗಿ.