ಅಂಬೆಯ ಎದುರು ಕ್ಯಾಮೆರಾ

ಕೇಳುಗರಿಗೆ ನಮಸ್ಕಾರ.

ಶಿವಮೊಗ್ಗದಲ್ಲಿ ಪತ್ರಿಕೋದ್ಯಮ ಓದುತ್ತಿರುವ ನಾವು ಕೆಲವು ಸಹಪಾಠಿಗಳು ಸೇರಿ ಒಂದು ಸಾಕ್ಷ್ಯಚಿತ್ರ ಮಾಡುತ್ತಿದ್ದೇವೆ. ಹೆಣ್ಣಿನ ವೇಷ ಕಟ್ಟಿ ರಂಗಕ್ಕೆ ಬರುವ ಗಂಡಸರ ಕಲೆ ಅದರ ವಿಷಯ. ಒಂದು ಕಡೆ ತೀರ್ಥಹಳ್ಳಿ, ಹೊಸನಗರ, ಸಾಗರದ ಸೀಮೆಯಲ್ಲಿ ನಾವು ಬಾಲ್ಯದಿಂದ ನೋಡುತ್ತ ಬಂದ ಯಕ್ಷಗಾನದ ಸ್ತ್ರೀವೇಷ. ಇನ್ನೊಂದು ಕಡೆ ಬೆಂಗಳೂರು, ಮುಂಬೈ, ದೆಹಲಿಯ ವೇದಿಕೆಗಳಲ್ಲಿ ನಡೆಯುವ ಡ್ರ್ಯಾಗ್ ಪ್ರದರ್ಶನ. ಎರಡನ್ನೂ ಒಂದೇ ಚಿತ್ರದಲ್ಲಿ ಇಡುತ್ತೇವೆ ಎಂದಾಗ ಎರಡೂ ಕಡೆಯಿಂದ ಆಕ್ಷೇಪ ಬಂತು. ನಮ್ಮದು ಹರಕೆ ಹೊತ್ತು ಆಡಿಸುವ ಆಟ, ಅದನ್ನು ಕ್ಲಬ್ಬಿನ ಕುಣಿತದ ಪಕ್ಕ ನಿಲ್ಲಿಸಬೇಡಿ ಎಂದು ಯಕ್ಷಗಾನದ ಅಭಿಮಾನಿಗಳು ಹೇಳಿದರು. ಪರಂಪರೆಯ ಸೆರಗಿನ ಮರೆಯಲ್ಲಿ ನಿಲ್ಲಿಸಿ ನಮಗೆ ಮರ್ಯಾದೆ ಕೊಡಿಸುವ ಅಗತ್ಯವಿಲ್ಲ ಎಂದು ಡ್ರ್ಯಾಗ್ ಮಾಡುವವರು ಹೇಳಿದರು.

ಎರಡೂ ಮಾತುಗಳಲ್ಲಿ ಹುರುಳಿದೆ. ಆದರೂ ಎರಡನ್ನೂ ಜೊತೆಗಿಟ್ಟು ನೋಡಬೇಕೆಂಬ ನಮ್ಮ ಹಟ ಕಡಿಮೆಯಾಗಿಲ್ಲ. ಈ ಕಲಾವಿದರನ್ನು ಯಾರಾದರೂ ಮಾತನಾಡಿಸಲು ಹೋದಾಗ ಮೊದಲು ಕೇಳುವುದು ಅವರ ಖಾಸಗಿ ಬದುಕನ್ನು. ಹೆಂಡತಿ ಏನನ್ನುತ್ತಾರೆ, ನಾಚಿಕೆ ಆಗುವುದಿಲ್ಲವೇ, ನಿಜವಾಗಿ ನೀವು ಯಾರು. ಇಡೀ ರಾತ್ರಿ ರಂಗಸ್ಥಳದಲ್ಲಿ ಅವರು ಮಾಡಿದ ಕೆಲಸದ ಬಗ್ಗೆ ಒಂದು ಪ್ರಶ್ನೆಯೂ ಇರುವುದಿಲ್ಲ. ಭಾಗವತರನ್ನು ಸಂದರ್ಶಿಸುವವರು ರಾಗ, ತಾಳದ ಬಗ್ಗೆ ಕೇಳುತ್ತಾರೆ. ಮದ್ದಳೆಯವರನ್ನು ಕೈಬಳಕೆಯ ಬಗ್ಗೆ ಕೇಳುತ್ತಾರೆ. ಸ್ತ್ರೀವೇಷದವರಿಗೆ ಮಾತ್ರ ಈ ಗೌರವ ಏಕಿಲ್ಲ? ಕಸುಬನ್ನೇ ಮೊದಲು ಕೇಳುವ ಚಿತ್ರ ಮಾಡಬೇಕು ಎಂದು ನಾವು ನಿಶ್ಚಯಿಸಿದೆವು.

ಕಸುಬು ಎಂದಾಗ ಹೇಳಲು ಬಹಳ ಇದೆ. ಯಕ್ಷಗಾನದ ಉಳಿದ ವೇಷಗಳನ್ನು ನೆನಪಿಸಿಕೊಳ್ಳಿ. ಕಿರೀಟ, ಕೇದಗೆ ಮುಂದಲೆ ಎಂಬ ತಲೆಯುಡುಗೆ, ಭುಜಕೀರ್ತಿ, ಎದೆಪದಕ, ಬಣ್ಣದ ವೇಷದ, ಅಂದರೆ ರಾಕ್ಷಸ ಪಾತ್ರಗಳ ಮುಖದ ಮೇಲಿನ ಬಿಳಿ ಚುಕ್ಕಿಗಳಾದ ಚಿಟ್ಟಿ. ಇವೆಲ್ಲ ಸೇರಿದಾಗ ಪಾತ್ರಧಾರಿ ರಂಗಕ್ಕೆ ಬರುವ ಮೊದಲೇ ಅರ್ಧ ಪಾತ್ರ ಸಿದ್ಧವಾಗಿರುತ್ತದೆ. ಸ್ತ್ರೀವೇಷಕ್ಕೆ ಆ ಆಸರೆ ಇಲ್ಲ. ಸೀರೆ, ಕುಪ್ಪಸ, ಸೊಂಟಕ್ಕೆ ಡಾಬು, ತೋಳುಬಂದಿ, ತುರುಬು ಅಥವಾ ಜಡೆ, ತೆಳುವಾದ ಮುಖವರ್ಣಿಕೆ. ಅಷ್ಟೇ. ಲೋಕದ ಹೆಣ್ಣುಮಕ್ಕಳಿಗೆ ಅತಿ ಹತ್ತಿರದ ವೇಷ ಅದು. ಹಾಗಾಗಿ ಪಾತ್ರವನ್ನು ಕುತ್ತಿಗೆ, ಕಣ್ಣು, ಮಣಿಕಟ್ಟು, ಹೆಜ್ಜೆಗಳಿಂದಲೇ ಕಟ್ಟಬೇಕು. ದಮಯಂತಿ, ಚಂದ್ರಮತಿಯಂಥ ಗರತಿಯರಿಗೆ ಒಂದು ನಡಿಗೆ. ಮೇನಕೆ, ಪ್ರಭಾವತಿಯರ ಶೃಂಗಾರಕ್ಕೆ ಇನ್ನೊಂದು. ಪ್ರಮೀಳೆಯಂಥ ವೀರನಾರಿಗೆ ಕಸೆ ಸ್ತ್ರೀವೇಷ. ಅಲ್ಲಿ ಉಡುಗೆಯೂ ಬೇರೆ, ಕುಣಿತದ ಕಸುವೂ ಬೇರೆ. ಶೂರ್ಪನಖಿಯನ್ನು ನೋಡಿ. ಘೋರ ರೂಪದಲ್ಲಿ ಬಂದಾಗ ಅವಳು ಬಣ್ಣದ ವೇಷ, ರಾಮನನ್ನು ಮರುಳು ಮಾಡಲು ಬಂದಾಗ ಮಾಯಾ ಶೂರ್ಪನಖಿ, ಅಂದರೆ ಸ್ತ್ರೀವೇಷ. ಭಸ್ಮಾಸುರನ ಕಥೆಯಲ್ಲಿ ಗಂಡು ದೇವರು ಹೆಣ್ಣಾಗುತ್ತಾನೆ, ಆ ಮೋಹಿನಿಯನ್ನು ಗಂಡು ಕಲಾವಿದ ಆಡುತ್ತಾನೆ. ನಮ್ಮ ಹಳ್ಳಿಯ ಪ್ರೇಕ್ಷಕರು ಇದನ್ನೆಲ್ಲ ಕಂಬಳಿ ಹೊದ್ದು ಕುಳಿತು, ಯಾರ ವಿವರಣೆಯ ಹಂಗೂ ಇಲ್ಲದೆ ನೋಡುತ್ತ ಬಂದವರು.

ಈ ವೇಷದಲ್ಲಿ ಹೆಸರಾದವರ ಪಟ್ಟಿ ದೊಡ್ಡದು. ಯಕ್ಷಗಾನದ ತೆಂಕಣ ಶೈಲಿಯಾದ ತೆಂಕುತಿಟ್ಟಿನಲ್ಲಿ ಕೋಳ್ಯೂರು ರಾಮಚಂದ್ರ ರಾಯರ ಹೆಸರು ಹೇಳದೆ ಸ್ತ್ರೀವೇಷದ ಮಾತು ಮುಗಿಯುವುದಿಲ್ಲ. ನಮ್ಮ ತೀರ್ಥಹಳ್ಳಿಯವರೇ ಆದ ಎಂ.ಕೆ. ರಮೇಶ ಆಚಾರ್ಯರು ಇದೇ ವೇಷದಿಂದ ಪ್ರಸಿದ್ಧರು.

ನಮ್ಮ ಚಿತ್ರದ ನಡುವೆ ‘ಭೀಷ್ಮವಿಜಯ’ ಪ್ರಸಂಗದ ಅಂಬೆ ಇದ್ದಾಳೆ. ಅಂಬೆಯನ್ನೇ ಆರಿಸಿದ್ದಕ್ಕೆ ಕಾರಣವಿದೆ. ಕಾಶಿರಾಜನ ಮಗಳು ಸಾಲ್ವನನ್ನು ಮೆಚ್ಚಿದವಳು. ಭೀಷ್ಮ ಅವಳನ್ನು ಹಸ್ತಿನಾವತಿಗೆ ಎಳೆತರುತ್ತಾನೆ, ವಿಷಯ ತಿಳಿದು ಸಾಲ್ವನಲ್ಲಿಗೆ ಕಳುಹಿಸುತ್ತಾನೆ. ಸಾಲ್ವ ಒಲ್ಲೆನೆನ್ನುತ್ತಾನೆ. ಮರಳಿ ಬಂದರೆ ಭೀಷ್ಮನಿಗೆ ಬ್ರಹ್ಮಚರ್ಯದ ಪ್ರತಿಜ್ಞೆ. ಪರಶುರಾಮನೂ ಭೀಷ್ಮನನ್ನು ಮಣಿಸಲಾರದೆ ಹೋಗುತ್ತಾನೆ. ಕೊನೆಗೆ ಅವಳು ಭೀಷ್ಮನ ಸಾವಿಗೆ ಕಾರಣಳಾಗುವ ಶಪಥ ತೊಟ್ಟು ಶಿಖಂಡಿಯಾಗಿ ಹುಟ್ಟಿ ಬರುತ್ತಾಳೆ. ಒಂದೇ ರಾತ್ರಿಯಲ್ಲಿ ಒಬ್ಬ ಕಲಾವಿದ ನಾಚಿಕೆ, ಬೇಡಿಕೆ, ಅವಮಾನ, ಕ್ರೋಧ ಇಷ್ಟನ್ನೂ ದಾಟಬೇಕು. ನಾವು ಚಿತ್ರೀಕರಿಸಿದ ಹಿರಿಯ ಕಲಾವಿದರ ಅಂಬೆ ಸಾಲ್ವನ ಎದುರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾಳೆ. ಭೀಷ್ಮನ ಎದುರು ಮರಳಿ ನಿಂತಾಗ ಅದೇ ಸೆರಗನ್ನು ಸೊಂಟಕ್ಕೆ ಸಿಕ್ಕಿಸುತ್ತಾಳೆ. ಶಪಥದ ಹೊತ್ತಿಗೆ ಕೈ ಸೆರಗಿನ ಕಡೆ ಹೋಗುವುದೇ ಇಲ್ಲ. ಯಾವ ಪುಸ್ತಕದಲ್ಲೂ ಇಲ್ಲದ ಈ ಸೂಕ್ಷ್ಮವನ್ನು ಅವರು ಹಿಂದಿನವರ ಅಂಬೆಯನ್ನು ನೋಡಿ, ತಮ್ಮ ಮನೆಯ ಹೆಂಗಸರನ್ನು ನೋಡಿ, ವರ್ಷಗಟ್ಟಲೆ ತಿದ್ದಿ ತೀಡಿ ಮಾಡಿಕೊಂಡಿದ್ದಾರೆ. ಸೀರೆಯ ಸೆರಗನ್ನು ಹೀಗೆ ಮಾತನಾಡಿಸುವುದು ಎಂಥ ವಿದ್ಯೆ! ಸಂಕಲನದ ಕೋಣೆಯಲ್ಲಿ ಈ ಮೂರು ದೃಶ್ಯಗಳನ್ನು ಒಂದರ ನಂತರ ಒಂದು ಇಟ್ಟು ನೋಡಿದಾಗ ನಮ್ಮ ತಂಡದವರು ಮಾತು ಬಿಟ್ಟು ಕುಳಿತಿದ್ದರು.

ಡ್ರ್ಯಾಗ್ ಕಲಾವಿದರ ಕಸುಬು ಬೇರೆ ಜಾಡಿನದು. ಸ್ತ್ರೀವೇಷ ಲೋಕದ ಹೆಣ್ಣಿಗೆ ಹತ್ತಿರ ನಿಲ್ಲುತ್ತದೆ, ಡ್ರ್ಯಾಗ್ ಎಲ್ಲವನ್ನೂ ಹಿಗ್ಗಿಸಿ ತೋರಿಸುತ್ತದೆ. ಸ್ವಂತ ಹುಬ್ಬನ್ನು ಅಂಟಿನಿಂದ ಮಲಗಿಸಿ, ಮೇಲೆ ಬಣ್ಣ ಬಳಿದು, ಹಣೆಯಲ್ಲಿ ಇನ್ನೂ ಎತ್ತರಕ್ಕೆ ಹೊಸ ಹುಬ್ಬು ಬರೆಯುತ್ತಾರೆ. ಸೊಂಟಕ್ಕೆ ಫೋಮ್ ಕತ್ತರಿಸಿ ಕಟ್ಟುತ್ತಾರೆ. ವಿಗ್ಗನ್ನು ತಾವೇ ಬಾಚಿ ಕಟ್ಟುವವರು, ಉಡುಪನ್ನು ತಾವೇ ಹೊಲಿಯುವವರು ಬಹಳ ಮಂದಿ. ಬೆಂಗಳೂರಿನ ಅಲೆಕ್ಸ್ ಮ್ಯಾಥ್ಯೂ ಅವರು ಮಾಯಾ ಎಂಬ ಪಾತ್ರದಲ್ಲಿ ಸೀರೆಯುಟ್ಟು ವೇದಿಕೆಗೆ ಬಂದು ಹೆಸರು ಮಾಡಿದವರು.

ಎರಡು ಕಲೆಗಳ ನಡುವೆ ನಮಗೆ ಕಂಡ ಆಳವಾದ ಹೋಲಿಕೆ ಉಡುಗೆಯಲ್ಲಿ ಇರಲಿಲ್ಲ, ಹಾಡಿನಲ್ಲಿ ಇತ್ತು. ಡ್ರ್ಯಾಗ್ ಪ್ರದರ್ಶನದಲ್ಲಿ ಸಾಮಾನ್ಯವಾಗಿ ಹಾಡು ಬೇರೆಯವರ ಕಂಠದ್ದು. ಕಲಾವಿದರು ತುಟಿ, ಉಸಿರು, ಬೆರಳುಗಳಿಂದ ಅದನ್ನು ತಮ್ಮದಾಗಿಸಿಕೊಳ್ಳುತ್ತಾರೆ. ಅದು ಅನುಕರಣೆ, ಅದರಲ್ಲಿ ಕಲೆ ಎಲ್ಲಿದೆ ಎಂದು ಕೇಳುವವರಿದ್ದಾರೆ. ಅವರು ಯಕ್ಷಗಾನದ ರಂಗಸ್ಥಳವನ್ನೊಮ್ಮೆ ನೋಡಲಿ. ಅಲ್ಲಿಯೂ ಪದ್ಯ ಹಾಡುವವರು ಭಾಗವತರು. ದಮಯಂತಿ ಕಾಡಿನಲ್ಲಿ ನಳನನ್ನು ಹುಡುಕುತ್ತ ಅಳುವಾಗ ಅಳು ಇರುವುದು ಭಾಗವತರ ಕಂಠದಲ್ಲಿ, ಕಣ್ಣೀರು ಇರುವುದು ವೇಷಧಾರಿಯ ಕಣ್ಣಿನಲ್ಲಿ. ಬೇರೊಬ್ಬರ ದನಿಗೆ ತನ್ನ ಮೈಯನ್ನು ಕೊಡುವ ಕಲೆ ನಮಗೆ ಹೊಸದೇನೂ ಅಲ್ಲ. ವ್ಯತ್ಯಾಸವೂ ಇದೆ. ಪದ್ಯ ಮುಗಿದ ಮೇಲೆ ಸ್ತ್ರೀವೇಷದವರು ಅರ್ಥ ಹೇಳಬೇಕು. ಬರೆದಿಟ್ಟ ಸಂಭಾಷಣೆ ಇಲ್ಲದೆ, ಎದುರಿನವರ ಮಾತಿಗೆ ತಕ್ಕಂತೆ, ಪುರಾಣ ಬಲ್ಲವರಾಗಿ. ಅದು ಅವರ ಮೇಲಿರುವ ಇನ್ನೊಂದು ಹೊಣೆ.

ಇಂಥ ಚಿತ್ರಗಳಲ್ಲಿ ಒಂದು ದೃಶ್ಯ ತಪ್ಪದೆ ಬರುತ್ತದೆ. ಮೊದಲು ಗಡ್ಡ ಬೋಳಿಸುವ ಗಂಡಸು, ಆಮೇಲೆ ಬಣ್ಣ, ಆಮೇಲೆ ಸೀರೆ, ಕೊನೆಗೆ ಬೆರಗು ಹುಟ್ಟಿಸುವ ಹೆಣ್ಣು. ಈ ಜೋಡಣೆಯನ್ನು ನಾವು ಕೈಬಿಟ್ಟೆವು. ಅದು ಪ್ರೇಕ್ಷಕರಿಗೆ ಗುಟ್ಟು ಬಯಲು ಮಾಡಿದ ಸಂತೋಷವನ್ನಷ್ಟೇ ಕೊಡುತ್ತದೆ, ಕಲೆಯ ಬಗ್ಗೆ ಏನನ್ನೂ ಕಲಿಸುವುದಿಲ್ಲ. ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚಿ ವೇಷ ಕಟ್ಟುವ ಜಾಗದಲ್ಲಿ ಚಿತ್ರೀಕರಿಸಿದ್ದೇವೆ, ಆದರೆ ಬಣ್ಣ ಕಲಸುವ ಬೆರಳನ್ನು, ಹುಬ್ಬಿನ ರೇಖೆಯ ನಿಖರತೆಯನ್ನು ನೋಡಲು. ಹಿಂದೆ ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ ಅರೆಯುತ್ತಿದ್ದರಂತೆ. ಆ ಬಣ್ಣಗಳ ಗುಣವನ್ನು ಹಿರಿಯರು ವಿವರಿಸುವಾಗ ಅವರ ಮುಖದಲ್ಲಿ ಬಂದ ಕಳೆ ಯಾವ ವೇಷಾಂತರದ ದೃಶ್ಯಕ್ಕಿಂತಲೂ ದೊಡ್ಡದು.

ಸಾಕ್ಷ್ಯಚಿತ್ರ ಮಾಡಬೇಕೆಂದಿರುವ ವಿದ್ಯಾರ್ಥಿಗಳು ಕೇಳುತ್ತಿದ್ದರೆ ಎರಡು ತಾಂತ್ರಿಕ ಮಾತು. ಚೌಕಿಯಲ್ಲಿ ಟ್ಯೂಬ್‌ಲೈಟ್ ಇದ್ದರೆ ದೃಶ್ಯ ಮಿಣುಕುತ್ತದೆ. ನಮ್ಮ ವಿದ್ಯುತ್ತಿನ ಆವರ್ತನ 50 ಹರ್ಟ್ಸ್ ಆಗಿರುವುದರಿಂದ ಸೆಕೆಂಡಿಗೆ 25 ಚೌಕಟ್ಟು ಇಟ್ಟು, ಶಟರನ್ನು ಸೆಕೆಂಡಿನ 50ರಲ್ಲಿ ಒಂದು ಭಾಗಕ್ಕೆ ನಿಲ್ಲಿಸಿದರೆ ಮಿಣುಕು ಹೋಗುತ್ತದೆ. ಚಂಡೆಯ ಪೆಟ್ಟು ಬಿದ್ದಾಗ ಧ್ವನಿ ಒಡೆಯುತ್ತದೆ; ಒಂದೇ ಧ್ವನಿಯನ್ನು ಎರಡು ಮಟ್ಟದಲ್ಲಿ ಮುದ್ರಿಸಿ, ಒಂದನ್ನು ಸಾಕಷ್ಟು ತಗ್ಗಿಸಿ ಇಟ್ಟುಕೊಳ್ಳಿ. ಮಲೆನಾಡಿನ ತೇವಕ್ಕೆ ಲೆನ್ಸಿನಲ್ಲಿ ಬೂಸ್ಟು ಬೆಳೆಯುವುದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ.

ಇತಿಹಾಸವನ್ನು ಚಿತ್ರದಲ್ಲಿ ಚಿಕ್ಕದಾಗಿ ಇಟ್ಟಿದ್ದೇವೆ. ಜಪಾನಿನ ಕಾಬುಕಿ ಎಂಬ ರಂಗಪ್ರಕಾರದಲ್ಲಿ 1629ರಲ್ಲಿ ಹೆಂಗಸರು ರಂಗಕ್ಕೆ ಬರುವುದನ್ನು ನಿಷೇಧಿಸಿದ ಮೇಲೆ ಗಂಡಸರ ಸ್ತ್ರೀಪಾತ್ರ ಪರಂಪರೆ ಬೆಳೆಯಿತು. ಮರಾಠಿ ರಂಗಭೂಮಿಯ ಬಾಲಗಂಧರ್ವರು ಉಟ್ಟ ಸೀರೆಯ ಬಗೆಯನ್ನು ಮನೆತನದ ಹೆಣ್ಣುಮಕ್ಕಳು ಅನುಸರಿಸುತ್ತಿದ್ದರು. ನಮ್ಮ ಕಂಪನಿ ನಾಟಕಗಳಲ್ಲೂ ಸ್ತ್ರೀಪಾತ್ರದ ನಟರಿಗೆ ದೊಡ್ಡ ಬೇಡಿಕೆ ಇತ್ತು. ಇದರ ಜೊತೆಗೆ ಹೇಳಲೇಬೇಕಾದ ಸತ್ಯ ಒಂದಿದೆ. ಈ ಕಲೆ ಇಷ್ಟು ಬೆಳೆದದ್ದು ಹೆಂಗಸರಿಗೆ ರಂಗದ ಬಾಗಿಲು ಮುಚ್ಚಿದ್ದರಿಂದ. ಕಲೆ ಚೆನ್ನಾಗಿದೆ ಎಂದು ಆ ಅನ್ಯಾಯವನ್ನು ಮರೆಯಲು ನಾನು ಒಪ್ಪುವುದಿಲ್ಲ. ಇಂದು ಮಹಿಳಾ ಯಕ್ಷಗಾನ ತಂಡಗಳಿವೆ. ಮೀಸೆ ಕಟ್ಟಿ ಕೌರವನಾಗಿ ಬರುವ ಹುಡುಗಿಯರಿದ್ದಾರೆ, ಅವರೂ ನಮ್ಮ ಚಿತ್ರದಲ್ಲಿದ್ದಾರೆ.

ಮಂಜಮ್ಮ ಜೋಗತಿಯವರನ್ನು ಏಕೆ ಸೇರಿಸಲಿಲ್ಲ ಎಂದು ಹಲವರು ಕೇಳಿದರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದ, 2021ರಲ್ಲಿ ಪದ್ಮಶ್ರೀ ಪಡೆದ ಮಹಾನ್ ಕಲಾವಿದೆ ಅವರು. ಆದರೆ ಅವರು ಹೆಣ್ಣಿನ ವೇಷ ಹಾಕಿದ ಗಂಡಸಲ್ಲ, ಹೆಣ್ಣಾಗಿ ಬದುಕುತ್ತಿರುವವರು. ತಲೆಯ ಮೇಲೆ ಕೊಡ ಹೊತ್ತು ಮಾಡುವ ಜೋಗತಿ ನೃತ್ಯವನ್ನು ವೇಷ ಎಂದು ಕರೆದರೆ ಅವರ ಬದುಕನ್ನೇ ವೇಷವೆಂದು ಕರೆದಂತೆ. ಆಟ ಮುಗಿದ ಮೇಲೆ ಬಣ್ಣ ತೆಗೆದು ಮನೆಗೆ ಹೋಗುವವರನ್ನೂ, ಹೆಣ್ಣಾಗಿಯೇ ಬೆಳಗು ಮಾಡುವವರನ್ನೂ ಒಂದೇ ಹೆಸರಿನಲ್ಲಿ ಕಟ್ಟುವ ಹಕ್ಕು ಕ್ಯಾಮೆರಾ ಹಿಡಿದವರಿಗೆ ಇಲ್ಲ. ಡ್ರ್ಯಾಗ್ ಕಲಾವಿದರಲ್ಲಿ ಎರಡೂ ಬಗೆಯವರು ಇರುತ್ತಾರೆ. ಅದನ್ನು ಅವರು ತಾವಾಗಿ ಹೇಳಿದರೆ ಕೇಳುತ್ತೇವೆ.

ನಮ್ಮ ಊರಿನ ಒಬ್ಬ ಯುವಕ ಬೆಂಗಳೂರಿಗೆ ಹೋಗಿ ಡ್ರ್ಯಾಗ್ ಪ್ರದರ್ಶನ ಕೊಟ್ಟು ಬರುತ್ತಾನೆ. ಮನೆಯವರಿಗೆ ತಿಳಿದಿಲ್ಲ. ಸಲಿಂಗ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ಹೇಳಿತು, ನಿಜ. ಆದರೆ ಬಾಡಿಗೆ ಮನೆ ಕೊಡುವವರು, ಬಸ್ ನಿಲ್ದಾಣದಲ್ಲಿ ಗುರುತು ಹಿಡಿದು ನಗುವವರು ತೀರ್ಪು ಓದಿ ಬದಲಾಗುವುದಿಲ್ಲ. ಅವನ ಮುಖ ನಮ್ಮ ಚಿತ್ರದಲ್ಲಿ ಇಲ್ಲ, ದನಿಯೂ ಇಲ್ಲ. ಉಡುಪಿಗೆ ಮಣಿ ಪೋಣಿಸುವ ಕೈಗಳಿವೆ. ಅವನು ಬರೆದುಕೊಟ್ಟ ಮಾತನ್ನು ನಮ್ಮ ಸಹಪಾಠಿಯೊಬ್ಬಳು ಓದುತ್ತಾಳೆ. ಮುಖ ತೋರಿಸಿದ್ದರೆ ಚಿತ್ರಕ್ಕೆ ಶಕ್ತಿ ಬರುತ್ತಿತ್ತು ಎಂದು ಹೇಳಿದವರಿದ್ದಾರೆ. ಅವನ ಮನೆಯ ನೆಮ್ಮದಿಯನ್ನು ಕಳೆದು ಬರುವ ಶಕ್ತಿ ನಮಗೆ ಬೇಡ.

ಒಪ್ಪಿಗೆಯ ವಿಷಯದಲ್ಲಿ ನಾವು ಬಿಗಿಯಾಗಿದ್ದೇವೆ. ನ್ಯೂಯಾರ್ಕಿನ ಡ್ರ್ಯಾಗ್ ಬಾಲ್ ಎಂಬ ಸ್ಪರ್ಧಾಕೂಟಗಳ ಬಗ್ಗೆ 1990ರಲ್ಲಿ ಬಂದ ‘ಪ್ಯಾರಿಸ್ ಈಸ್ ಬರ್ನಿಂಗ್’ ಸಾಕ್ಷ್ಯಚಿತ್ರ ಜಗತ್ಪ್ರಸಿದ್ಧವಾಯಿತು. ಅದರಲ್ಲಿ ಕಾಣಿಸಿಕೊಂಡವರಲ್ಲಿ ಹಲವರು ತಮಗೆ ಬರಬೇಕಾದ ಪಾಲು ಬರಲಿಲ್ಲವೆಂದು ನೊಂದರು. ಕೊನೆಗೆ 13 ಮಂದಿಗೆ ಸುಮಾರು 55,000 ಡಾಲರ್ ಹಂಚಲಾಯಿತು. ನಮ್ಮಲ್ಲಿ 1957ರ ಹಕ್ಕುಸ್ವಾಮ್ಯ ಕಾಯ್ದೆ ಪ್ರದರ್ಶನ ಕಲಾವಿದರಿಗೆ 50 ವರ್ಷಗಳ ಹಕ್ಕು ಕೊಡುತ್ತದೆ. ತಮ್ಮ ಪ್ರದರ್ಶನವನ್ನು ಹೆಸರಿಗೆ ಕಳಂಕ ಬರುವಂತೆ ತಿರುಚಿದರೆ ಆಕ್ಷೇಪಿಸುವ ಹಕ್ಕು 2012ರ ತಿದ್ದುಪಡಿಯಿಂದ ಬಂದಿದೆ. ಬೋಧನೆ, ಸಂಶೋಧನೆಗಾಗಿ ಮುದ್ರಿಸಲು ವಿನಾಯಿತಿ ಇದೆ. ಅಂತರಜಾಲಕ್ಕೆ ಏರಿಸುವಾಗ ಆ ಮಾತು ಹೇಳಿಕೊಂಡು ತಪ್ಪಿಸಿಕೊಳ್ಳಬಾರದು. ಮೇಳದ ಯಜಮಾನರ ಅನುಮತಿ ಬೇರೆ, ಕಲಾವಿದರ ಅನುಮತಿ ಬೇರೆ. ಎರಡನ್ನೂ ಕನ್ನಡದಲ್ಲಿ ಬರೆದು, ಓದಿ ಹೇಳಿ, ಸಹಿ ಪಡೆದೆವು.

ಕರಡು ಸಂಕಲನವನ್ನು ಕಲಾವಿದರಿಗೆ ತೋರಿಸಿದ್ದೇವೆ. ಅಂಬೆಯ ಪಾತ್ರ ಮಾಡಿದ ಹಿರಿಯರು ತಮ್ಮ ಬಗ್ಗೆ ಹೊಗಳಿಕೆ ಇದ್ದ ಭಾಗವನ್ನು ಕಡಿಮೆ ಮಾಡಿಸಿದರು. ಪದ್ಯವನ್ನು ಅರ್ಧಕ್ಕೆ ಕತ್ತರಿಸಿದ್ದು ಅವರಿಗೆ ಹಿಡಿಸಲಿಲ್ಲ. ಭಾಗವತರ ತಾಳ ಮುಗಿಯುವವರೆಗೂ ಹೆಜ್ಜೆ ಮುಗಿಯುವುದಿಲ್ಲ, ಪೂರ್ತಿ ಇಡಿ ಎಂದರು. ಚಿತ್ರ ಉದ್ದವಾಗುತ್ತದೆ ಎಂಬ ಭಯ ಕೆಲವರಿಗಿತ್ತು, ನಮ್ಮ ಊರಿನವರು ಇದನ್ನೆಲ್ಲ ಕುಳಿತು ನೋಡುವುದಿಲ್ಲ ಎಂದೂ ಹೇಳಿದರು. ಹೆಗ್ಗೋಡಿನಲ್ಲಿ ನೀನಾಸಂ ರಂಗಸಂಸ್ಥೆ ದೇಶವಿದೇಶದ ಚಿತ್ರಗಳನ್ನು ಹಳ್ಳಿಯವರ ಮುಂದೆ ತಂದಿಟ್ಟ ಜಿಲ್ಲೆ ಇದು, ಬೆಳಗಿನವರೆಗೆ ಆಟ ನೋಡಿದ ಜನ ಇವರು. ಪದ್ಯವನ್ನು ಪೂರ್ತಿ ಇಟ್ಟಿದ್ದೇವೆ. ಮೊದಲ ಪ್ರದರ್ಶನ ಆ ಕಲಾವಿದರ ಊರಿನ ಶಾಲೆಯ ಅಂಗಳದಲ್ಲಿ ನಡೆಯಲಿದೆ. ಚಿತ್ರ ಮುಗಿದ ಮೇಲೆ ಪ್ರೇಕ್ಷಕರ ಪ್ರಶ್ನೆಗಳಿಗೆ ಉತ್ತರಿಸುವವರು ಅವರೇ. ಸೆರಗಿನ ಬಗ್ಗೆ, ಹೆಜ್ಜೆಯ ಬಗ್ಗೆ, ಅಂಬೆಯ ಬಗ್ಗೆ ಕೇಳಬೇಕೆಂದಿರುವವರೆಲ್ಲ ಬನ್ನಿ.

ನಮಸ್ಕಾರ.