ಬ್ರಿಡ್ಜ್ ಅಲುಗಾಡಬಾರದು, ಅಷ್ಟೇ

ನಮಸ್ಕಾರ ರೀ ಎಲ್ಲರಿಗೂ. ಬೆಳಗಾವಿಯಿಂದ ಮಾತಾಡುತ್ತಿದ್ದೇನೆ. ಹೊರಗೆ ಮಳೆ ಹಿಡಿದಿದೆ. ಮೈಕಿನಲ್ಲಿ ಚಟಪಟ ಕೇಳಿಸಿದರೆ ಅದು ನಮ್ಮ ಮನೆಯ ಪತ್ರಾಸಿನ ಸದ್ದು, ನಿಮ್ಮ ಇಯರ್‌ಫೋನ್ ಕೆಟ್ಟಿಲ್ಲ.

ಇವತ್ತು ಗಿಟಾರ್ ಪೆಡಲ್ ಬಗ್ಗೆ ಮಾತಾಡಬೇಕಿತ್ತು. ಸ್ಕ್ರಿಪ್ಟ್ ಕೂಡ ರೆಡಿ ಇತ್ತು. ಅಷ್ಟರಲ್ಲಿ ಹೋದ ವಿಡಿಯೊದ ಕೆಳಗೆ ಒಂದು ಕಾಮೆಂಟ್ ಬಂತು. ಓದುತ್ತೇನೆ, ಕೇಳಿ. "ಅಣ್ಣಾ, ಫ್ಲಾಯ್ಡ್ ರೋಸ್ ಇಲ್ಲದ ಗಿಟಾರ್ ಹಿಡ್ಕೊಂಡು ಹಾರ್ಡ್ ರಾಕ್ ಬಾರಿಸೋರು ಭಜನಾ ಮಂಡಳಿ ಸೇರೋದು ಚಲೋ." ಅದರ ಮುಂದೆ ನಗುವ ಮುಖಗಳ ಮೆರವಣಿಗೆ. ಮೇಲೆ ಲೈಕ್ ಬೇರೆ ಬಿದ್ದಿವೆ. ಬ್ರಿಡ್ಜ್ ಅಂದರೆ ಗಿಟಾರಿನ ಹೊಟ್ಟೆಯ ಮೇಲೆ ತಂತಿಗಳ ಬುಡ ಕೂರುವ ಭಾಗ, ಫ್ಲಾಯ್ಡ್ ರೋಸ್ ಅಂದರೆ ಅಲುಗಾಡುವ ಒಂದು ನಮೂನೆ ಬ್ರಿಡ್ಜ್.

ತಮ್ಮಾ, ಮೊದಲು ಭಜನಾ ಮಂಡಳಿಯ ವಿಷಯ ಮುಗಿಸೋಣ. ಅವರ ಹಾರ್ಮೋನಿಯಂ ರಾತ್ರಿಯಿಡೀ ಬಾರಿಸಿದರೂ ಶ್ರುತಿ ಬಿಡುವುದಿಲ್ಲ. ನಿನ್ನ ಅಗ್ಗದ ಫ್ಲಾಯ್ಡ್ ರೋಸ್ ಗಿಟಾರ್ ಎರಡನೇ ಹಾಡಿಗೆ ಬಿಡುತ್ತದೆ. ಈಗ ಹೇಳು, ಯಾರು ಯಾರ ಹತ್ತಿರ ಕಲಿಯಬೇಕು?

ಹೋದ ವಿಡಿಯೊ ನೋಡದವರಿಗೆ ಎರಡು ಮಾತು. ಕಾಲೇಜು ಹುಡುಗರ ಒಂದು ಬ್ಯಾಂಡ್, ಹಾರ್ಡ್ ರಾಕ್ ಕವರ್ ಬಾರಿಸುವವರು. ಇಬ್ಬರು ಗಿಟಾರಿಸ್ಟ್, ತಲೆಗೆ ಇಪ್ಪತ್ತು ಸಾವಿರದ ಬಜೆಟ್. ಯಾವ ಗಿಟಾರ್ ತೊಗೊಳ್ಳಲಿ ಅಂತ ಕೇಳಿದ್ದರು. ನಾನು ಹೇಳಿದ್ದು ಇಷ್ಟೇ: ಬ್ರಿಡ್ಜ್ ಅಲುಗಾಡಬಾರದು, ಬ್ರಿಡ್ಜ್ ಪಕ್ಕದ ಪಿಕಪ್, ಅಂದರೆ ತಂತಿಯ ಕಂಪನ ಹಿಡಿಯುವ ಭಾಗ, ಹಂಬಕರ್ ಎಂಬ ನಮೂನೆಯದಾಗಿರಬೇಕು. ಬಣ್ಣ ನಿಮ್ಮಿಷ್ಟ. ಇದರಲ್ಲಿ ಜಗಳ ತೆಗೆಯುವಂಥದ್ದು ಏನಿದೆ ಹೇಳ್ರಿ?

ಸರಿ, ಫ್ಲಾಯ್ಡ್ ರೋಸ್ ಅಂದರೇನು ಅಂತ ಬಿಡಿಸಿ ಹೇಳುತ್ತೇನೆ, ಗೊತ್ತಿದ್ದವರು ಅಷ್ಟರಲ್ಲಿ ಚಹಾ ಇಟ್ಟು ಬನ್ನಿ. ಫ್ಲಾಯ್ಡ್ ರೋಸ್ ಎಂಬ ಅಮೆರಿಕದ ಗಿಟಾರ್ ವಾದಕ 1970ರ ದಶಕದ ಕೊನೆಗೆ ಒಂದು ಟ್ರೆಮೊಲೊ ಬ್ರಿಡ್ಜ್, ಅಂದರೆ ಅಲುಗಾಡಿಸಿ ಸ್ವರ ಏರಿಳಿಸುವ ಬ್ರಿಡ್ಜ್, ಮಾಡಿದರು. 1979ರಲ್ಲಿ ಪೇಟೆಂಟ್ ಸಿಕ್ಕಿತು. ತಂತಿಯನ್ನು ಮೇಲೆ ಗಿಟಾರ್ ಕತ್ತಿನ ತುದಿಯ ಪಟ್ಟಿ, ಅಂದರೆ ನಟ್‌ನಲ್ಲೂ ಕೆಳಗೆ ಬ್ರಿಡ್ಜ್‌ನಲ್ಲೂ ಬಿಗಿದು ಲಾಕ್ ಮಾಡುವುದು ಅದರ ಉಪಾಯ. ಬ್ರಿಡ್ಜ್ ಅಲುಗಾಡಿಸುವ ಹಿಡಿಕೆ, ಅಂದರೆ ವ್ಯಾಮಿ ಬಾರ್, ಎಷ್ಟು ಎಳೆದಾಡಿದರೂ ತಂತಿ ಜಾರದೆ ಅದೇ ಸ್ವರಕ್ಕೆ ವಾಪಸ್ ಬರಬೇಕು. ಅದ್ಭುತ ಕೆಲಸ, ಅದರ ಬಗ್ಗೆ ನನ್ನ ತಕರಾರಿಲ್ಲ. ಆ ಮನುಷ್ಯನಿಗೆ ದೊಡ್ಡ ನಮಸ್ಕಾರ.

ಆದರೆ ಆ ಬ್ರಿಡ್ಜ್ ಮರಕ್ಕೆ ಗಟ್ಟಿಯಾಗಿ ಕೂತಿರುವುದಿಲ್ಲ. ತೇಲುತ್ತಿರುತ್ತದೆ. ಒಂದು ಕಡೆ ಆರು ತಂತಿ ಎಳೆಯುತ್ತವೆ, ಇನ್ನೊಂದು ಕಡೆ ಗಿಟಾರ್ ಬೆನ್ನಿನೊಳಗಿನ ಸ್ಪ್ರಿಂಗ್‌ಗಳು ಎಳೆಯುತ್ತವೆ. ಕಿರಾಣಿ ಅಂಗಡಿಯ ತಕ್ಕಡಿ ಇದ್ದ ಹಾಗೆ. ಒಂದು ಕಡೆ ಸ್ವಲ್ಪ ಹೆಚ್ಚುಕಡಿಮೆ ಆದರೂ ಇಡೀ ಲೆಕ್ಕ ವಾಲುತ್ತದೆ. ಒಂದು ತಂತಿ ಹರಿದರೆ ಆ ಕಡೆಯ ಭಾರ ಇಳಿಯಿತು, ಸ್ಪ್ರಿಂಗ್ ಬ್ರಿಡ್ಜನ್ನು ಹಿಂದಕ್ಕೆ ಎಳೆಯಿತು, ಉಳಿದ ಐದೂ ತಂತಿ ಶ್ರುತಿ ಏರಿಸಿಕೊಂಡು ಕೂತವು. ಗಟ್ಟಿ ಬ್ರಿಡ್ಜ್ ಇದ್ದಿದ್ದರೆ? ಹರಿದದ್ದು ಒಂದು ತಂತಿ, ಉಳಿದ ಐದರಲ್ಲಿ ಹಾಡು ಮುಗಿಸಬಹುದು.

ಇದು ಬರೀ ಪುಸ್ತಕದ ಮಾತಲ್ಲ. ನಮ್ಮೂರಿನ ಒಂದು ಕಾಲೇಜ್ ಫೆಸ್ಟ್‌ನಲ್ಲಿ ಕಣ್ಣಾರೆ ನೋಡಿದ್ದು. ಹುಡುಗ ಚೆನ್ನಾಗಿ ಬಾರಿಸುತ್ತಿದ್ದ. ಮೂರನೇ ತಂತಿ ಪಟ್ ಅಂತ ಹರಿಯಿತು. ಮುಂದಿನ ಕಾರ್ಡ್ ಹೊಡೆದ ನೋಡಿ, ಡ್ರಮ್ಮರ್ ತಿರುಗಿ ನೋಡಿದ. ಆಮೇಲೆ ಹುಡುಗ ಸ್ಟೇಜ್ ಮೇಲೆ ಮಂಡಿ ಊರಿ ಲಾಕ್ ಬಿಚ್ಚುವ ಆಲನ್ ಕೀ ಹುಡುಕುತ್ತಿದ್ದಾನೆ, ಹಾಡುವವನು ಜನಕ್ಕೆ "ಊಟ ಆಯ್ತಾ?" ಅಂತ ಕೇಳುತ್ತಿದ್ದಾನೆ. ಅದೂ ಮಧ್ಯಾಹ್ನ ನಾಲ್ಕು ಗಂಟೆಗೆ.

ಬ್ರಿಡ್ಜ್ ಅಲುಗಾಡಬಾರದು ರೀ.

ಈಗ ಕವರ್ ಬ್ಯಾಂಡ್ ವಿಷಯಕ್ಕೆ ಬನ್ನಿ. ಕವರ್ ಬ್ಯಾಂಡ್ ಅಂದರೆ ಬೇರೆ ಬೇರೆಯವರ ಹಾಡು, ಬೇರೆ ಬೇರೆ ಟ್ಯೂನಿಂಗ್. ಎಸಿ/ಡಿಸಿ ಬ್ಯಾಂಡಿನ ಹಾಡು ಬಾರಿಸಲು ಸಾಮಾನ್ಯವಾಗಿ ಸ್ಟ್ಯಾಂಡರ್ಡ್ ಟ್ಯೂನಿಂಗ್ ಸಾಕು. ಗನ್ಸ್ ಎನ್ ರೋಸಸ್ ಹಾಡುಗಳು ಹೆಚ್ಚಾಗಿ ಅರ್ಧ ಸ್ವರ ಕೆಳಗೆ. ನಡುವೆ ಒಂದು ಹಾಡಿಗೆ ಡ್ರಾಪ್ ಡಿ ಬೇಕು. ಗಟ್ಟಿ ಬ್ರಿಡ್ಜ್ ಗಿಟಾರಿನಲ್ಲಿ ಡ್ರಾಪ್ ಡಿ ಮಾಡಲು ದಪ್ಪ ತಂತಿಯ ಕೀಲಿ ಒಂದನ್ನು ಸಡಿಲಿಸಿದರಾಯಿತು. ಹಾಡುವವನು ನೀರು ಕುಡಿಯುವಷ್ಟರಲ್ಲಿ ಮುಗಿಯುತ್ತದೆ. ತೇಲುವ ಬ್ರಿಡ್ಜ್‌ನಲ್ಲಿ? ಮೊದಲು ನಟ್‌ನ ಲಾಕ್ ಬಿಚ್ಚಬೇಕು. ದಪ್ಪ ತಂತಿ ಇಳಿಸಿದರೆ ಉಳಿದವು ಏರುತ್ತವೆ. ಅವನ್ನು ಇಳಿಸಿದರೆ ಮೊದಲನೆಯದು ಮತ್ತೆ ಏರುತ್ತದೆ. ಸುತ್ತು, ಸುತ್ತು, ಸುತ್ತು. ಅಷ್ಟರಲ್ಲಿ ಜನ ಬೈಕ್ ಸ್ಟಾರ್ಟ್ ಮಾಡಿ ಕುಂದಾ ತಿನ್ನಲು ಹೋಗಿರುತ್ತಾರೆ. ನಾನಾದರೂ ಹೋಗುತ್ತೇನೆ.

ಇನ್ನೂ ಇದೆ. ಹಾರ್ಡ್ ರಾಕ್‌ನ ಜೀವ ಇರುವುದು ಬಲಗೈ ಅಂಗೈಯಲ್ಲಿ. ಪಾಮ್ ಮ್ಯೂಟ್. ಅಂಗೈ ಬದಿಯನ್ನು ಬ್ರಿಡ್ಜ್ ಮೇಲೆ ಒತ್ತಿ ಆ ಜುಗ್ ಜುಗ್ ಸದ್ದು ತರುತ್ತೇವಲ್ಲ, ಅದು. ತೇಲುವ ಬ್ರಿಡ್ಜ್ ಮೇಲೆ ಕೈ ಸ್ವಲ್ಪ ಜಾಸ್ತಿ ಊರಿದರೆ ಸ್ವರವೇ ಏರುತ್ತದೆ. ಹಾಗೆಯೇ ಎರಡು ತಂತಿ ಒಟ್ಟಿಗೆ ಮೀಟಿ ಒಂದನ್ನು ಮಾತ್ರ ಬೆಂಡ್ ಮಾಡುವ, ಅಂದರೆ ಬದಿಗೆ ತಳ್ಳಿ ಸ್ವರ ಏರಿಸುವ, ಲೀಡ್‌ಗಳಿವೆಯಲ್ಲ, 70ರ ದಶಕದ ಅರ್ಧ ಸೋಲೊಗಳು ಅವೇ. ತೇಲುವ ಬ್ರಿಡ್ಜ್‌ನಲ್ಲಿ ಒಂದನ್ನು ಬೆಂಡ್ ಮಾಡಿದರೆ ಬ್ರಿಡ್ಜ್ ಮುಂದಕ್ಕೆ ವಾಲಿ ಇನ್ನೊಂದು ತಂತಿ ಕೆಳಗೆ ಜಾರುತ್ತದೆ. ಅಂದರೆ ಹಾರ್ಡ್ ರಾಕ್‌ಗೆ ಬೇಕೇ ಬೇಕಾದ ಎರಡು ಕೆಲಸಕ್ಕೆ ಅಡ್ಡ ಬರುವ ಸಾಮಾನನ್ನು ಹಾರ್ಡ್ ರಾಕ್‌ಗೆ ಬೇಕೇ ಬೇಕು ಅನ್ನುತ್ತಿದ್ದಾನೆ ನಮ್ಮ ತಮ್ಮ. ಭಪ್ಪರೆ!

ಈಗ ಅವನ ಕಡೆಯ ವಕೀಲರು ಬರುತ್ತಾರೆ. "ಅಣ್ಣಾ, ಎಡ್ಡಿ ವ್ಯಾನ್ ಹೇಲನ್?" ಗೊತ್ತಿತ್ತು, ಇದು ಬರುತ್ತದೆ ಅಂತ ಗೊತ್ತಿತ್ತು. ಅಮೆರಿಕದ ಆ ರಾಕ್ ಗಿಟಾರಿಸ್ಟ್ ಅವರ ಕೆಂಪು ಬಿಳಿ ಕಪ್ಪು ಪಟ್ಟಿಯ ಗಿಟಾರಿನ ಫೋಟೊ ಸರಿಯಾಗಿ ನೋಡಿದ್ದೀರಾ? ಬ್ರಿಡ್ಜ್ ಪಕ್ಕದಲ್ಲಿ ಒಂದು ನಾಣ್ಯ ಕಾಣಿಸುತ್ತದೆ. 1971ರ ಅಮೆರಿಕದ ಕಾಲು ಡಾಲರ್. ಅಲಂಕಾರಕ್ಕೆ ಇಟ್ಟದ್ದಲ್ಲ ಅದು, ಬ್ರಿಡ್ಜ್ ಹಿಂದಕ್ಕೆ ವಾಲದೆ ನಿಲ್ಲಲಿ ಅಂತ ಸ್ಕ್ರೂ ಹೊಡೆದು ಕೂರಿಸಿದ್ದು! ಫ್ಲಾಯ್ಡ್ ರೋಸನ್ನು ಜಗತ್ತಿಗೇ ಪರಿಚಯಿಸಿದ ಮನುಷ್ಯನೂ ಅದನ್ನು ತೇಲಲು ಬಿಡಲಿಲ್ಲ. ಇನ್ನು ನೀನು ಯಾರು, ನಾನು ಯಾರು?

ಎಸಿ/ಡಿಸಿಯ ಆಂಗಸ್ ಯಂಗ್ ಕೈಯಲ್ಲಿ ಗಿಬ್ಸನ್ ಎಸ್‌ಜಿ. ಗನ್ಸ್ ಎನ್ ರೋಸಸ್‌ನ ಸ್ಲ್ಯಾಶ್ ಹೆಗಲಲ್ಲಿ ಗಿಬ್ಸನ್‌ನದೇ ಲೆಸ್ ಪಾಲ್, ಬ್ರಿಡ್ಜ್ ಗಟ್ಟಿ. ಎಸಿ/ಡಿಸಿಯವರೇ ಆದ ಮಾಲ್ಕಮ್ ಯಂಗ್ ತಮ್ಮ ಗ್ರೆಚ್ ಗಿಟಾರಿನಿಂದ ಪಿಕಪ್‌ಗಳನ್ನೇ ಕಿತ್ತು ಬ್ರಿಡ್ಜ್ ಪಕ್ಕದ ಒಂದನ್ನು ಮಾತ್ರ ಉಳಿಸಿಕೊಂಡು ಹೆಚ್ಚಾಗಿ ಅದನ್ನೇ ಬಾರಿಸಿದರು. ಬ್ಲ್ಯಾಕ್ ಸಬಾತ್ ಬ್ಯಾಂಡಿನ ಟೋನಿ ಅಯೋಮಿ ಬರ್ಮಿಂಗ್‌ಹ್ಯಾಮಿನ ಶೀಟ್ ಮೆಟಲ್ ಫ್ಯಾಕ್ಟರಿಯಲ್ಲಿ ಎರಡು ಬೆರಳ ತುದಿ ಕಳೆದುಕೊಂಡು, ತಾವೇ ಟೊಪ್ಪಿಗೆ ಮಾಡಿಕೊಂಡು ಬೆರಳಿಗೆ ಹಾಕಿ, ಎಸ್‌ಜಿ ಹಿಡಿದು ಇಡೀ ಹೆವಿ ಮೆಟಲ್ ಕಟ್ಟಿದರು. ಇವರನ್ನೆಲ್ಲ ಭಜನಾ ಮಂಡಳಿಗೆ ಕಳಿಸೋಣವಾ? ಕಳಿಸಿದರೆ ಆ ಮಂಡಳಿಗೆ ನಾನೂ ಬರುತ್ತೇನೆ, ತಾಳ ಹಾಕುತ್ತೇನೆ.

ಅಂದ ಹಾಗೆ, "ಬ್ರಿಡ್ಜ್ ಅಲುಗಾಡಬಾರದು" ಅಂತ ಬರೆದ ಟೀ ಶರ್ಟ್ ಮಾಡಿಸಿದ್ದೇನೆ. ಕಪ್ಪು ಬಣ್ಣ ಮಾತ್ರ. ಬೇರೆ ಬಣ್ಣ ಕೇಳಿದವರು ದಯವಿಟ್ಟು ಬೇರೆ ಚಾನೆಲ್ ನೋಡಿ. ಲಿಂಕ್ ಕೆಳಗಿದೆ, ಸಬ್‌ಸ್ಕ್ರೈಬ್ ಗುಂಡಿಯೂ ಅಲ್ಲೇ ಇದೆ. ಯಾವ ಗಿಟಾರ್ ಕಂಪನಿಯೂ ನನಗೆ ತಂತಿ ಮೀಟುವ ಒಂದು ಪಿಕ್ ಕೂಡ ಕಳಿಸಿಲ್ಲ. ಕಳಿಸಿದರೆ ಬೇಡ ಅನ್ನುವ ಸ್ವಭಾವವೂ ನನ್ನದಲ್ಲ.

ಎಲ್ಲಿದ್ದೆ? ಹಾಂ, ಲೋಹ. ಇದು ನಮ್ಮೂರಿನ ಜನಕ್ಕೆ ಹೇಳಲೇಬೇಕಿಲ್ಲ. ಫ್ಲಾಯ್ಡ್ ರೋಸ್ ಇಡೀ ನಿಂತಿರುವುದು ಕತ್ತಿಯಂಥ ಎರಡು ಅಂಚುಗಳ ಮೇಲೆ. ಬಾರ್ ಎಳೆದಾಗ ಬ್ರಿಡ್ಜ್ ಆ ಅಂಚಿನ ಮೇಲೆ ತಿರುಗುತ್ತದೆ. ಒರಿಜಿನಲ್‌ನಲ್ಲಿ ಅದು ಹದ ಮಾಡಿದ ಉಕ್ಕು. ಅಗ್ಗದ ನಕಲುಗಳಲ್ಲಿ ಹೆಚ್ಚಾಗಿ ಎರಕ ಹೊಯ್ದ ಜಿಂಕ್ ಮಿಶ್ರಲೋಹ. ನಮ್ಮ ಕೈಗಾರಿಕಾ ಪ್ರದೇಶ ಉದ್ಯಮಬಾಗಕ್ಕೆ ಹೋಗಿ, ಯಾವುದಾದರೂ ಫೌಂಡ್ರಿಯಲ್ಲೋ ಮಷಿನ್ ಶಾಪ್‌ನಲ್ಲೋ ಕೆಲಸ ಮಾಡುವವರನ್ನು ನಿಲ್ಲಿಸಿ ಕೇಳಿ: ಜಿಂಕ್ ಅಂಚನ್ನು ಉಕ್ಕಿನ ಕಂಬಕ್ಕೆ ದಿನಾ ತಿಕ್ಕಿದರೆ ಏನಾಗುತ್ತದೆ? ನಿಮ್ಮನ್ನು ಮೇಲಿಂದ ಕೆಳಗೆ ನೋಡಿ ನಗುತ್ತಾರೆ. ಅಂಚು ಸವೆಯಿತು ಅಂದರೆ ಬ್ರಿಡ್ಜ್ ಮೊದಲಿದ್ದ ಜಾಗಕ್ಕೆ ವಾಪಸ್ ಬರುವುದಿಲ್ಲ. ಶ್ರುತಿ ಹೋಯಿತು. ಒರಿಜಿನಲ್ ಹಾಕಿಸೋಣ ಅಂದರೆ ಆ ಬ್ರಿಡ್ಜ್ ಒಂದಕ್ಕೇ ನಿಮ್ಮ ಇಪ್ಪತ್ತು ಸಾವಿರದ ಬಹುಪಾಲು ಖಾಲಿ. ಗಿಟಾರ್ ಎಲ್ಲಿಂದ ತರುತ್ತೀರಿ, ಬರೀ ಬ್ರಿಡ್ಜ್ ಕೊರಳಿಗೆ ಕಟ್ಟಿಕೊಂಡು ಸ್ಟೇಜ್ ಹತ್ತುತ್ತೀರಾ?

"ಅಣ್ಣಾ, ಮರದ ತುಂಡು ಇಟ್ಟು ಬ್ಲಾಕ್ ಮಾಡಬಹುದಲ್ಲ?" ಮಾಡಬಹುದು. ದುಡ್ಡು ಕೊಟ್ಟು ಅಲುಗಾಡುವ ಬ್ರಿಡ್ಜ್ ತಂದು, ಆಮೇಲೆ ಅದು ಅಲುಗಾಡದಿರಲಿ ಅಂತ ಬಡಿಗೇರ ಹತ್ತಿರ ಹೋಗುವುದು. ಬಹಳ ಬುದ್ಧಿವಂತ ಕೆಲಸ. "ಸರಿಯಾಗಿ ಸೆಟಪ್ ಮಾಡಿಸಿದರೆ ನಿಲ್ಲುತ್ತದೆ." ಯಾರು ಮಾಡುತ್ತಾರೆ ರೀ? ಮಿರಜ್ ಹತ್ತಿರದಲ್ಲೇ ಇದೆ, ಸಿತಾರ್ ತಂಬೂರಿ ಮಾಡುವ ಬಂಗಾರದಂಥ ಕೈಗಳಿವೆ. ಅವರ ಮುಂದೆ ಫ್ಲಾಯ್ಡ್ ರೋಸ್ ಇಟ್ಟು ನೋಡಿ, ಪಾಪ, ಇದಕ್ಕೆ ಜವಾರಿ ಎಲ್ಲಿ ತೆಗೆಯಬೇಕು ಅಂತ ಕೇಳುತ್ತಾರೆ. ಜವಾರಿ ಅಂದರೆ ಸಿತಾರಿನ ಬ್ರಿಡ್ಜ್ ಉಜ್ಜಿ ನಾದ ಹದ ಮಾಡುವುದು. "ಸ್ಟೀವ್ ವೈ ಬಾರಿಸುತ್ತಾರಲ್ಲ?" ಅವರ ಹಿಂದೆ ಗಿಟಾರ್ ಟೆಕ್ನಿಷಿಯನ್ ನಿಂತಿರುತ್ತಾರೆ. ನಿನ್ನ ಹಿಂದೆ ಯಾರಿದ್ದಾರೆ? "ಲೇ, ಬ್ಯಾಂಕ್ ಪರೀಕ್ಷೆ ಅರ್ಜಿ ತುಂಬಿದಿಯಾ?" ಅನ್ನುವ ಅಪ್ಪಾಜಿ ನಿಂತಿದ್ದಾರೆ.

ಶ್ರುತಿ ಸ್ವಲ್ಪ ಹೋದರೆ ಯಾರಿಗೆ ಗೊತ್ತಾಗುತ್ತದೆ ಅಂತಲೂ ಒಬ್ಬ ಬರೆದಿದ್ದಾನೆ. ಇದನ್ನು ಬೇರೆ ಊರಲ್ಲಿ ಹೇಳು. ಕುಮಾರ ಗಂಧರ್ವರು ಹುಟ್ಟಿದ ಸುಳೇಭಾವಿ ಇಲ್ಲೇ ಪಕ್ಕದಲ್ಲಿದೆ. ಧಾರವಾಡ ಎಷ್ಟು ದೂರ? ಈ ಸೀಮೆಯಲ್ಲಿ ಪಾನ್ ಅಂಗಡಿಯವನಿಗೂ ಅಪಸ್ವರ ಕಿವಿಗೆ ಚುಚ್ಚುತ್ತದೆ. ಡಿಸ್ಟಾರ್ಷನ್, ಅಂದರೆ ಸದ್ದನ್ನು ಒಡೆದು ಒರಟು ಮಾಡುವ ಎಫೆಕ್ಟ್, ಹಾಕಿದರೆ ತಪ್ಪು ಮುಚ್ಚಿಹೋಗುತ್ತದೆ ಅಂದುಕೊಂಡಿದ್ದರೆ ಉಲ್ಟಾ. ಡಿಸ್ಟಾರ್ಷನ್‌ನಲ್ಲಿ ಶ್ರುತಿ ತಪ್ಪಿದ ಪವರ್ ಕಾರ್ಡ್ ಇನ್ನೂ ಕೆಟ್ಟದಾಗಿ ಗುಯ್ಯ್ ಗುಯ್ಯ್ ಅಂತ ಅಲೆಯಾಡುತ್ತದೆ.

ಹಂಬಕರ್ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಗಿಬ್ಸನ್‌ನ ಸೆತ್ ಲವರ್ 1955ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ ಪಿಕಪ್ ಅದು. ಉಲ್ಟಾ ಸುತ್ತಿದ ಎರಡು ಕಾಯಿಲ್, ಒಂದರ ಗುಂಯ್ ಸದ್ದನ್ನು ಇನ್ನೊಂದು ಹೊಡೆದುಹಾಕುತ್ತದೆ. ನಮ್ಮ ಕರೆಂಟು 50 ಹರ್ಟ್ಸ್. ಗಣಪತಿ ಪೆಂಡಾಲಿನ ಪಕ್ಕ ಜನರೇಟರ್, ತಲೆ ಮೇಲೆ ಸೀರಿಯಲ್ ಲೈಟು, ಕೈಯಲ್ಲಿ ಸಿಂಗಲ್ ಕಾಯಿಲ್ ಗಿಟಾರ್, ಮುಂದೆ ಜೋರು ಡಿಸ್ಟಾರ್ಷನ್. ಹಾಡು ಶುರುವಾಗುವ ಮೊದಲೇ ಜೇನುಗೂಡಿಗೆ ಕಲ್ಲು ಬಿತ್ತು. ಹಂಬಕರ್ ತೊಗೊಳ್ಳಿ. ಮುಗಿಯಿತು.

ಹೆಸರು ಹೇಳಿ ಅಂತ ಹಟ ಮಾಡುವವರಿಗೆ: ಐಬನೆಜ್ ಜಿಯೊ ಸರಣಿಯಲ್ಲಿ ಜಿಆರ್‌ಜಿ 121 ನೋಡಿ, ಬ್ರಿಡ್ಜ್ ಗಟ್ಟಿ, ಎರಡು ಹಂಬಕರ್. ಅದೇ ಸರಣಿಯ 170 ಟ್ರೆಮೊಲೊದ್ದು, ಅಂಗಡಿಯವರು ಅದನ್ನೇ ಮುಂದೆ ತಳ್ಳಿದರೆ ಕೈ ಮುಗಿದುಬಿಡಿ. ಕೋರ್ಟ್‌ನ ಸಿಆರ್ 100 ಲೆಸ್ ಪಾಲ್ ಆಕಾರದ್ದು. ಕೋರ್ಟ್ ಕೊರಿಯಾದ ಕಂಪನಿ, ಇಂಡೋನೇಷ್ಯಾದಲ್ಲಿ ಫ್ಯಾಕ್ಟರಿ, ಬೇರೆ ದೊಡ್ಡ ಹೆಸರುಗಳಿಗೂ ಗಿಟಾರ್ ಮಾಡಿಕೊಡುತ್ತದೆ. ಎಪಿಫೋನ್ ಗಿಬ್ಸನ್‌ನದೇ ಅಗ್ಗದ ಬ್ರಾಂಡ್. ಸೆಕೆಂಡ್ ಹ್ಯಾಂಡ್ ಸಿಕ್ಕರೆ ಇನ್ನೂ ಚಲೋ, ಗೋವಾ ಚೋರ್ಲಾ ಘಾಟಿನ ಆಚೆಗೇ ಇದೆ, ಅಲ್ಲಿ ಬ್ಯಾಂಡ್ ಬಿಟ್ಟು ದುಬೈಗೆ ಹೋಗುವವರು ಇದ್ದೇ ಇರುತ್ತಾರೆ. ಅಂಗಡಿಯಲ್ಲಿ ಮೂರನೇ ತಂತಿಯನ್ನು ಜೋರಾಗಿ ನಾಲ್ಕಾರು ಸಲ ಬೆಂಡ್ ಮಾಡಿ, ಆಮೇಲೆ ಒಂದು ಕಾರ್ಡ್ ಹೊಡೆಯಿರಿ. ಶ್ರುತಿ ಇಳಿದಿದ್ದರೆ ಹೆಚ್ಚಾಗಿ ನಟ್‌ನ ಕಚ್ಚಿನಲ್ಲಿ ತಂತಿ ಸಿಕ್ಕಿಕೊಳ್ಳುತ್ತಿದೆ ಅಂತ ಅರ್ಥ. ಆ ಕಚ್ಚಿಗೆ ಪೆನ್ಸಿಲ್ ಸೀಸ ತಿಕ್ಕಿ ನೋಡಿ, ಬಹಳ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಐದು ರೂಪಾಯಿ ಪೆನ್ಸಿಲ್! ಫ್ಲಾಯ್ಡ್ ರೋಸ್‌ಗೆ ಯಾವ ಪೆನ್ಸಿಲ್ ತಿಕ್ಕುತ್ತೀರಿ?

ಮತ್ತೆ ಅದೇ ಪ್ರಶ್ನೆ ಬರುತ್ತದೆ, ಡೈವ್ ಬಾಂಬ್ ಹೇಗೆ ಹೊಡೆಯುವುದು ಅಣ್ಣಾ. ಬಾರ್ ಒತ್ತಿ ಸ್ವರವನ್ನು ಪಾತಾಳಕ್ಕೆ ಇಳಿಸುತ್ತಾರಲ್ಲ, ಅದು. ಹೊಡೆಯಬೇಡ! ನಿನ್ನ ಸೆಟ್ ಲಿಸ್ಟ್ ತೆಗೆ, ಯಾವ ಹಾಡಿನಲ್ಲಿದೆ ತೋರಿಸು. ಒಂದೋ ಎರಡೋ. ಆ ಎರಡು ಸೆಕೆಂಡಿಗಾಗಿ ಇಡೀ ಸಂಜೆ ಅಪಸ್ವರ ಕೇಳಬೇಕಾ ನಾವು? ಅಲುಗಾಡಬಾರದು ಅಂದರೆ ಅಲುಗಾಡಬಾರದು. ಯಾಕೆ ಅಂತ ಕೇಳಬೇಡಿ, ಹೇಳಿ ಹೇಳಿ ಗಂಟಲು ಕಟ್ಟಿದೆ. ನನ್ನ ಚಾನೆಲ್, ನನ್ನ ಮಾತು. ಬೇಕಾದರೆ ನೀವೂ ಒಂದು ಚಾನೆಲ್ ಮಾಡಿ, ಅದರಲ್ಲಿ ಅಲುಗಾಡಿಸಿಕೊಂಡು ಕೂಡಿ.

ಆ ಕಾಮೆಂಟ್ ಹಾಕಿದ ತಮ್ಮನಿಗೆ ಖುಲ್ಲಾ ಆಹ್ವಾನ. ನಿನ್ನ ಗಿಟಾರ್ ತೊಗೊಂಡು ಟಿಳಕವಾಡಿಗೆ ಬಾ. ಇಬ್ಬರೂ ಒಂದು ಗಂಟೆ ಬಾರಿಸೋಣ, ಟ್ಯೂನರ್ ಮಧ್ಯದಲ್ಲಿ ಇಡೋಣ, ಲೈವ್ ಹಾಕುತ್ತೇನೆ. ಸೋತವರು ಎರಡೂ ಬ್ಯಾಂಡಿಗೆ ಮಂಡಕ್ಕಿ ಮಿರ್ಚಿ ಕೊಡಿಸಬೇಕು. ಆಲನ್ ಕೀ ನೀನೇ ತರಬೇಕು, ನನ್ನ ಹತ್ತಿರ ಇಲ್ಲ. ಟೀ ಶರ್ಟ್ ಕೇಳುತ್ತಿರುವವರಿಗೆ, ಎಕ್ಸೆಲ್ ಮುಗಿದಿದೆ ರೀ. ಮೀಡಿಯಮ್ ಇದೆ, ಒದ್ದಾಡಿ ಹಾಕಿಕೊಳ್ಳಿ.