31 ಜಿಲ್ಲೆ, 3 ಕಾಲಮ್: ಟರ್ಮಿನಲ್‌ನಲ್ಲೇ ಪಟ್ಟಿ ಜೋಡಿಸೋದು ಹೇಗೆ?

[ಪರದೆ: ಕಪ್ಪು ಟರ್ಮಿನಲ್. ಜಿಲ್ಲೆಗಳ ಹೆಸರು ಒಂದರ ಕೆಳಗೊಂದು ಉರುಳುತ್ತವೆ]

ಇದು ಕರ್ನಾಟಕದ 31 ಜಿಲ್ಲೆಗಳ ಪಟ್ಟಿ. ಸಾಲಿಗೊಂದು ಹೆಸರು, ಸದ್ಯಕ್ಕೆ ಇಂಗ್ಲಿಷ್ ಅಕ್ಷರದಲ್ಲಿ. ಕನ್ನಡದಲ್ಲಿ ಯಾಕಿಲ್ಲ ಅಂತ ಕೇಳಬೇಡಿ, ಅದೇ ಈ ವಿಡಿಯೋದ ಅಸಲಿ ಕಥೆ, ಕೊನೇಲಿ ಬರುತ್ತೆ. ಈಗ ನೋಡಿ, ಎಡಗಡೆ ಪಟ್ಟಿ ಉದ್ದಕ್ಕೆ ಇಳಿದಿದೆ, ಬಲಗಡೆ ಪೂರ್ತಿ ಖಾಲಿ. ಕೊನೇಲಿರೋ ಯಾದಗಿರಿ ಕಂಡ್ರೆ ಮೊದಲಿರೋ ಬಾಗಲಕೋಟೆ ಕಾಣಲ್ಲ. ಇದನ್ನ ಮೂರು ಕಾಲಮ್ ಮಾಡೋಣ. ಎಕ್ಸೆಲ್ ತೆರೆಯೋದು ಬೇಡ, ಟರ್ಮಿನಲ್ ಸಾಕು, ಅಂದ್ರೆ ಕಮಾಂಡ್ ಟೈಪ್ ಮಾಡೋ ಈ ಕಪ್ಪು ಕಿಟಕಿ.

[ಪರದೆ: ಕ್ಯಾಟ್ ಕಮಾಂಡ್, ಪೈಪ್, ಆಮೇಲೆ ಪೇಸ್ಟ್ ಮತ್ತು ಮೂರು ಮೈನಸ್]

ಮೊದಲನೇದು ಪೇಸ್ಟ್. ಕ್ಯಾಟ್ ಓದಿದ ಪಟ್ಟಿಯನ್ನ ಪೈಪ್, ಅಂದ್ರೆ ಆ ನಿಂತ ಗೆರೆ, ಇದಕ್ಕೆ ದಾಟಿಸುತ್ತೆ. ಕಾಪಿ-ಪೇಸ್ಟ್‌ನ ಪೇಸ್ಟ್ ಅಲ್ಲ ಇದು, ಸಾಲಿಗೆ ಸಾಲು ಅಂಟಿಸೋ ಗೋಂದು. ಒಂದು ಮೈನಸ್ ಅಂದ್ರೆ ‘ಪೈಪ್‌ನಿಂದ ಒಂದು ಸಾಲು ತಗೋ’ ಅಂತ. ಮೂರು ಮೈನಸ್ ಕೊಟ್ರೆ ಮೂರು ಸಾಲು ಎಳ್ಕೊಂಡು, ನಡುವೆ ಟ್ಯಾಬ್ ಇಟ್ಟು ಒಂದೇ ಸಾಲು ಮಾಡುತ್ತೆ. ಹತ್ತು ಸಾಲು ತುಂಬಿದ ಮೇಲೆ ಯಾದಗಿರಿ ಒಂದೇ ಉಳ್ಕೊಂಡು ಹನ್ನೊಂದನೇ ಸಾಲಲ್ಲಿ ಒಂಟಿಯಾಗಿ ಕೂತಿದೆ.

ಆದ್ರೆ ಸೊಟ್ಟಗಿದೆ, ಅಲ್ವಾ? ಟ್ಯಾಬ್ ಸಾಮಾನ್ಯವಾಗಿ ಎಂಟೆಂಟು ಅಕ್ಷರಕ್ಕೊಂದು ಗೆರೆ ಅಂತ ಹಾರುತ್ತೆ. ಬೀದರ್‌ಗೆ ಒಂದು ಹಾರು ಸಾಕು. ಇಂಗ್ಲಿಷ್‌ನಲ್ಲಿ 14 ಅಕ್ಷರ ಇರೋ ಚಿಕ್ಕಮಗಳೂರು ಆ ಗೆರೆಯನ್ನ ದಾಟಿಬಿಡುತ್ತೆ.

[ಪರದೆ: ಅದೇ ಸಾಲಿನ ಕೊನೆಗೆ ಪೈಪ್, ಕಾಲಮ್, ಮೈನಸ್ ಟಿ]

ಅದಕ್ಕೇ ಕಾಲಮ್ ಅನ್ನೋ ಕಮಾಂಡ್ ಇದೆ. ಮೈನಸ್ ಟಿ ಕೊಟ್ರೆ ಪ್ರತಿ ಕಾಲಮ್‌ನ ಅತಿ ಉದ್ದದ ಹೆಸರನ್ನ ಅಳೆದು, ಉಳಿದವಕ್ಕೆ ಸ್ಪೇಸ್ ತುಂಬುತ್ತೆ. ಎಂಟರ್ ಒತ್ತಿ... ಅಯ್ಯೋ, ದಕ್ಷಿಣ ಬೇರೆ, ಕನ್ನಡ ಬೇರೆ ಆಯ್ತು! ಏನೂ ಹೇಳದಿದ್ರೆ ಸ್ಪೇಸ್ ಇದ್ದಲ್ಲೆಲ್ಲ ಒಡೆಯೋದು ಇದರ ಸ್ವಭಾವ. ‘ಟ್ಯಾಬ್ ಇದ್ದಲ್ಲಿ ಮಾತ್ರ ಒಡಿ’ ಅಂತ ಮೈನಸ್ ಎಸ್ ಹಾಕಿ ಹೇಳಬೇಕು. ಬ್ಯಾಶ್‌ನಲ್ಲಿ, ಅಂದ್ರೆ ಟರ್ಮಿನಲ್‌ನಲ್ಲಿ ನಮ್ಮ ಕಮಾಂಡ್ ಓದಿ ನಡೆಸೋ ಪ್ರೋಗ್ರಾಂನಲ್ಲಿ, ಟ್ಯಾಬ್ ಬರೆಯೋದು ಹೀಗೆ: ಡಾಲರ್ ಚಿಹ್ನೆ, ಒಂಟಿ ಕೋಟ್‌ಗಳ ಒಳಗೆ ಬ್ಯಾಕ್‌ಸ್ಲ್ಯಾಶ್ ಟಿ. ಈ ಮೈನಸ್ ಎಸ್ ಮರೆತು ತಲೆ ಕೆಡಿಸಿಕೊಂಡವರಲ್ಲಿ ನಾನೂ ಒಬ್ಬ.

[ಪರದೆ: ಪಿಆರ್, ಮೈನಸ್ ಮೂರು, ಮೈನಸ್ ಟಿ]

ಪೇಸ್ಟ್ ಹೆಸರುಗಳನ್ನ ಅಡ್ಡಕ್ಕೆ ಹಂಚುತ್ತೆ. ದಿನಪತ್ರಿಕೆ ಥರ ಮೇಲಿಂದ ಕೆಳಕ್ಕೆ ಓದಬೇಕಾ? ಹಾಗಾದ್ರೆ ಪಿಆರ್. ಒಂದೇ ಏಟಿಗೆ 11, 10, 10 ಅಂತ ಪಾಲು ಮಾಡುತ್ತೆ. ಇದು ಪ್ರಿಂಟರ್ ಕಾಲದ್ದು. ಪುಟಕ್ಕೆ 66 ಸಾಲು ಅಂತ ಇವತ್ತಿಗೂ ಲೆಕ್ಕ ಇಟ್ಕೊಂಡಿದೆ: 11 ಇಂಚಿನ ಕಾಗದ, ಇಂಚಿಗೆ 6 ಸಾಲು. ಮೈನಸ್ ಟಿ ಹಾಕದಿದ್ರೆ ತಲೆಮೇಲೆ ತಾರೀಖು, ಪುಟಸಂಖ್ಯೆ ಎಲ್ಲಾ ಬರುತ್ತೆ. ಹುಷಾರಾಗಿರಬೇಕಾದದ್ದು ಅಗಲದ ವಿಷಯದಲ್ಲಿ. ಇದರ ಸಾಲಿಗೆ 72 ಅಕ್ಷರವೇ ಮಿತಿ. ಐದು ಕಾಲಮ್ ಕೇಳಿ ನೋಡಿ, ದಕ್ಷಿಣ ಕನ್ನಡದ ಬಾಲ ಕತ್ತರಿಸಿ ಹೋಗಿರುತ್ತೆ, ಒಂದು ಎಚ್ಚರಿಕೆಯ ಮಾತೂ ಇಲ್ಲದೆ. ಮೈನಸ್ ಡಬ್ಲ್ಯೂ ಕೊಟ್ಟು ಅಗಲ ಹೆಚ್ಚಿಸಿ.

[ಪರದೆ: ಪಟ್ಟಿ ಕನ್ನಡಕ್ಕೆ ಬದಲಾಗುತ್ತದೆ, ಕಾಲಮ್‌ಗಳು ಅಲ್ಲಾಡುತ್ತವೆ]

ಈಗ ಕನ್ನಡ. ಅದೇ ಕಮಾಂಡ್, ಆದ್ರೆ ಕಾಲಮ್‌ಗಳು ಕುಡಿದವರ ಥರ ವಾಲಾಡ್ತಿವೆ. ಯಾಕೆ? ‘ಕನ್ನಡ’ ಪದದಲ್ಲಿ ಎಷ್ಟು ಅಕ್ಷರ? ನಮ್ಮ ಕಣ್ಣಿಗೆ ಮೂರು. ಕಂಪ್ಯೂಟರ್‌ನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡೋ ಯೂನಿಕೋಡ್‌ಗೆ ಐದು: ಕ, ನ, ಅರ್ಧಾಕ್ಷರದ ಚಿಹ್ನೆ, ಮತ್ತೊಂದು ನ, ಡ. ಅದನ್ನ ಫೈಲಿನಲ್ಲಿ ಬೈಟ್‌ಗಳಾಗಿ ಬರೆಯೋ ವಿಧಾನ ಯುಟಿಎಫ್-8. ಅದರಲ್ಲಿ ಒಂದೊಂದಕ್ಕೂ 3 ಬೈಟ್, ಒಟ್ಟು 15. ಅಗಲ ಅಳೆದು ಬರೆಯೋ ಬೇರೆ ಕಮಾಂಡ್‌ಗಳೂ ಇವೆ. ಬ್ಯಾಶ್‌ನ ಪ್ರಿಂಟ್‌ಎಫ್ ಬೈಟ್ ಎಣಿಸುತ್ತೆ. ಜಿಎನ್‌ಯು ಆಕ್ ಯೂನಿಕೋಡ್ ಚಿಹ್ನೆ ಎಣಿಸುತ್ತೆ. ಲಿನಕ್ಸ್‌ನ ಕಾಲಮ್ ಸ್ವಲ್ಪ ಜಾಣ, ಅರ್ಧಾಕ್ಷರದ ಚಿಹ್ನೆಗೆ ಅಗಲ ಸೊನ್ನೆ ಅಂತ ಹಿಡಿದು ನಾಲ್ಕು ಅನ್ನುತ್ತೆ. ಟರ್ಮಿನಲ್ ಒತ್ತಕ್ಷರ ಬರೆಯುವಾಗ ಎಷ್ಟು ಜಾಗ ತಗೊಳ್ಳುತ್ತೋ, ಅದು ಫಾಂಟ್‌ಗೆ ಬಿಟ್ಟ ವಿಷಯ. ಅಳೆಯೋನೊಬ್ಬ, ಬರೆಯೋನೊಬ್ಬ. ತಪ್ಪು ನಿಮ್ಮ ಕಮಾಂಡ್‌ದಲ್ಲ.

ನಾನು ಮಾಡೋ ಉಪಾಯ ಸರಳ: ಕನ್ನಡವನ್ನ ಕೊನೇ ಕಾಲಮ್‌ಗೆ ಹಾಕೋದು.

[ಪರದೆ:
09  ಮೈಸೂರು
14  ಶಿವಮೊಗ್ಗ
19  ಮಂಗಳೂರು
25  ಧಾರವಾಡ]

ಇವು ಗಾಡಿ ನಂಬರ್ ಪ್ಲೇಟಿನ ಸಂಖ್ಯೆಗಳು. ಹೆಸರಿನ ಬಲಕ್ಕೆ ಮತ್ತೇನೂ ಇಲ್ಲ, ಹಾಗಾಗಿ ಅದರ ಅಗಲ ಎಷ್ಟಿದ್ರೂ ಯಾವ ಕಾಲಮ್ಮೂ ಕದಲಲ್ಲ. ಎರಡು ಕಾಲಮ್‌ನಲ್ಲೂ ಕನ್ನಡ ಬೇಕೇ ಬೇಕು ಅಂದ್ರೆ ಟರ್ಮಿನಲ್ ಜೊತೆ ಗುದ್ದಾಡಬೇಡಿ. ಪೇಸ್ಟ್ ಕೊಟ್ಟ ಟ್ಯಾಬ್‌ಗಳನ್ನ ಹಾಗೇ ಫೈಲಿಗೆ ಉಳಿಸಿ, ಎಕ್ಸೆಲ್ ಥರದ್ದೇ ಆದ ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ತೆರೀರಿ. ಎಕ್ಸೆಲ್ ಬೇಡ ಅಂದಿದ್ದೆ, ಕ್ಯಾಲ್ಕ್ ಬೇಡ ಅಂದಿರಲಿಲ್ಲ!